ನಾನು ಕಳೆದುಕೊಂಡ ಎರಡು ಇಂಚು

ನೆನಪನ್ನು ನಂಬಬಾರದು, ದಾಖಲೆಯನ್ನು ನಂಬಬೇಕು ಎಂದು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಹಾಗಾಗಿ ಡೈರಿ ಬರೆಯುತ್ತೇನೆ. ಕಳೆದ ಬುಧವಾರ ಯಾವ ಮೀನು ತಿಂದೆ ಎಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುವುದಿಲ್ಲ, ಪುಟ ತಿರುವುತ್ತೇನೆ. ಮದುವೆ ನಿಶ್ಚಯವಾದ ವರ್ಷದಿಂದ ಇಂದಿನವರೆಗಿನ ಮೂವತ್ತೊಂದು ಡೈರಿಗಳು ದೇರೆಬೈಲಿನ ನಮ್ಮ ಮನೆಯ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಪ್ರತಿಯೊಂದರ ಮೊದಲ ಪುಟದಲ್ಲೂ ಅದರ ಒಡೆಯನ ವಿವರ ಬರೆಯಲು ಜಾಗ ಇರುತ್ತದೆ. ಹೆಸರು, ವಿಳಾಸ, ರಕ್ತದ ಗುಂಪು, ಚಪ್ಪಲಿಯ ಅಳತೆ, ಎತ್ತರ. ಪ್ರತಿ ಹೊಸ ವರ್ಷದ ಬೆಳಿಗ್ಗೆ ಸ್ನಾನ ಮುಗಿಸಿ, ಹಳೆಯ ಡೈರಿ ನೋಡಿಕೊಂಡು ಹೊಸದರಲ್ಲಿ ಇವನ್ನೆಲ್ಲ ತುಂಬುವುದು ನನ್ನ ಪದ್ಧತಿ. ಎತ್ತರ, ಐದು ಅಡಿ ಎಂಟು ಇಂಚು. ಮೂವತ್ತೊಂದು ದಾಖಲೆಗಳು, ಒಂದೇ ಮಾತು. ಇಷ್ಟು ಗಟ್ಟಿ ಆಧಾರ ಎಷ್ಟೋ ರಾಜರ ಬಗ್ಗೆಯೂ ನಮ್ಮಲ್ಲಿಲ್ಲ.

ಆದ್ದರಿಂದ ನಮ್ಮ ಬಡಾವಣೆಯ ಆರೋಗ್ಯ ಶಿಬಿರದಲ್ಲಿ ಅಳತೆಗೋಲಿನ ಕೆಳಗೆ ನಿಂತಾಗ ನನಗೆ ಯಾವ ಅಳುಕೂ ಇರಲಿಲ್ಲ. ಅಳೆದ ನರ್ಸ್ ಹುಡುಗಿ ಐದು ಆರು ಎಂದು ಬರೆದಳು. ತಪ್ಪಾಗಿದೆ, ಐದು ಎಂಟು ಎಂದೆ. ಅವಳು ಮತ್ತೊಮ್ಮೆ ಅಳೆದಳು. ಮತ್ತೂ ಐದು ಆರು. ಗೋಲು ಸರಿ ಇಲ್ಲ ಎಂದೆ. ಬೆಳಿಗ್ಗೆಯಿಂದ ಅರುವತ್ತು ಜನರನ್ನು ಅಳೆದಿದ್ದೇನೆ, ಯಾರದೂ ಕಡಿಮೆಯಾಗಿಲ್ಲ ಎಂದಳು. ಆಮೇಲೆ ನನ್ನ ಬಿಳಿ ತಲೆ ನೋಡಿ ಸ್ವರ ಮೆತ್ತಗೆ ಮಾಡಿಕೊಂಡಳು.

"ಮೊದಲು ಐದು ಎಂಟು ಇದ್ದದ್ದು ಹೌದಾದರೆ ಎಲುಬಿನ ಡಾಕ್ಟ್ರಿಗೆ ತೋರಿಸಿ ಅಂಕಲ್. ವಯಸ್ಸಾದಾಗ ಬೆನ್ನಿನ ಎಲುಬು ಸವೆದು ಕುಸಿದರೆ ಎತ್ತರ ಕಡಿಮೆ ಆಗ್ತದೆ."

ಮನೆಗೆ ಬಂದು ಫೋನಿನಲ್ಲಿ ಹುಡುಕಿ ಓದಿದೆ. ಅರ್ಧ ಗಂಟೆಯಲ್ಲಿ ನಾನು ಮುಂದಿನ ಐದು ವರ್ಷಗಳಲ್ಲಿ ಗೂನು ಬೆನ್ನಿನವನಾಗಿ, ಕೆಮ್ಮಿದರೆ ಎಲುಬು ಮುರಿಯುವ ಸ್ಥಿತಿಗೆ ತಲುಪಿದ್ದೆ. ಹೆಂಡತಿ ವಾರಿಜಾಳನ್ನು ಕರೆದು, ನನ್ನ ಬೆನ್ನುಮೂಳೆ ಎರಡು ಇಂಚು ಕುಸಿದಿದೆ ಎಂದು ಗಂಭೀರವಾಗಿ ತಿಳಿಸಿದೆ. ಅವಳು ಮೇಲಿನಿಂದ ಕೆಳಗಿನವರೆಗೆ ನನ್ನನ್ನೊಮ್ಮೆ ನೋಡಿದಳು.

"ನನಗೆ ಎಂತ ವ್ಯತ್ಯಾಸ ಕಾಣುವುದಿಲ್ಲ. ಆ ರಾಗಿ ಡಬ್ಬಿ ಸ್ವಲ್ಪ ತೆಗೆದುಕೊಡಿ" ಎಂದಳು.

ಆ ಡಬ್ಬಿ ಇರುವುದು ಅಡುಗೆಮನೆಯ ಎಲ್ಲಕ್ಕಿಂತ ಮೇಲಿನ ಶೆಲ್ಫಿನಲ್ಲಿ. ಮೊದಲೆಲ್ಲ ಅವಳೇ ತೆಗೆದುಕೊಳ್ಳುತ್ತಿದ್ದಳು. ಎರಡು ವರ್ಷಗಳಿಂದ ನನ್ನನ್ನು ಕರೆಯುತ್ತಾಳೆ. ಎಷ್ಟು ಕುಸಿದರೂ ಮನೆಯಲ್ಲಿ ಎತ್ತರದವನು ನಾನೇ ಎಂದು ಆ ದಿನ ಡೈರಿಯಲ್ಲಿ ಸಮಾಧಾನದಿಂದ ಬರೆದುಕೊಂಡೆ. ಡಬ್ಬಿ ತೆಗೆಯುವಾಗ ತುದಿಗಾಲಲ್ಲಿ ನಿಂತಿದ್ದೆ. ಅದನ್ನು ಬರೆಯಲಿಲ್ಲ.

ಮರುದಿನದಿಂದ ಎಲುಬಿನ ಜೀರ್ಣೋದ್ಧಾರ ಶುರುವಾಯಿತು. ಮೊದಲನೆಯದು ಹಾಲು. ನಮ್ಮ ಮನೆಗೆ ದಿನಕ್ಕೆ ಬರುವುದು ಅರ್ಧ ಲೀಟರ್. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ನಾನು ಕುಡಿದ ಮೇಲೆ ಉಳಿಯುತ್ತಿದ್ದದ್ದು ಪ್ಯಾಕೆಟ್ ಮಾತ್ರ. ವಾರಿಜಾ ಹಾಲಿಲ್ಲದ ಕಣ್ಣ ಚಾ ಕುಡಿದಳು. ಇನ್ನೊಂದು ಪ್ಯಾಕೆಟ್ ತರಬಹುದಿತ್ತು ಎಂದು ಈಗ ಹೊಳೆಯುತ್ತದೆ.

ರಾಗಿ ಮಣ್ಣಿಯನ್ನು ನಾನೇ ಮಾಡಲು ಹೊರಟೆ. ನಮ್ಮ ಕಡೆ ಹಲ್ಲು ಬರುವ ಮೊದಲೇ ಮಕ್ಕಳಿಗೆ ತಿನ್ನಿಸುವ ಪದಾರ್ಥ ಅದು. ರಾಗಿಯ ಹಾಲನ್ನು ಬೆಲ್ಲದ ಜೊತೆ ಮಗುಚುತ್ತಾ ಇರಬೇಕು, ಕೈ ನಿಲ್ಲಿಸಬಾರದು. ನಾನು ಅದರಲ್ಲಿರುವ ಸುಣ್ಣದ ಅಂಶ ಎಷ್ಟೆಂದು ಫೋನಿನಲ್ಲಿ ನೋಡಲು ಒಮ್ಮೆ ಕೈ ನಿಲ್ಲಿಸಿದೆ. ಮಣ್ಣಿ ಪಾತ್ರೆಯ ಅಂಗವಾಯಿತು. ಪಾತ್ರೆ ಇವತ್ತಿಗೂ ಹಿತ್ತಲಲ್ಲಿ ನೆನೆಯುತ್ತಿದೆ.

ಮೂರನೆಯದು ಬಿಸಿಲು. ಹನ್ನೊಂದು ಗಂಟೆಗೆ ತಾರಸಿಯಲ್ಲಿ ಚಾಪೆ ಹಾಸಿ ಬರಿ ಬೆನ್ನಿನಲ್ಲಿ ಕವುಚಿ ಮಲಗತೊಡಗಿದೆ. ಬಿಸಿಲು ವ್ಯರ್ಥವಾಗಬಾರದೆಂದು ಬಟ್ಟೆ ಒಣಗಿಸುವ ಕೆಲಸವನ್ನೂ ವಾರಿಜಾಳಿಂದ ಕಿತ್ತುಕೊಂಡೆ. ಅವಳಿಗೆ ಸಹಾಯ ಮಾಡಿದಂತೆಯೂ ಆಯಿತು ಎಂದು ಹೆಮ್ಮೆಪಟ್ಟೆ. ಪಕ್ಕದ ಮನೆಯ ಸುಗಂಧಿಯಕ್ಕ ಎರಡನೆಯ ದಿನವೇ ನನ್ನ ಉಪಯೋಗ ಕಂಡುಕೊಂಡರು. ಅವರ ತಾರಸಿಯಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು.

"ಹೇಗೂ ಮಲಗಿಯೇ ಇರ್ತೀರಲ್ಲ ಮಾಷ್ಟ್ರೇ, ಕಾಗೆ ಸ್ವಲ್ಪ ನೋಡಿಕೊಳ್ಳಿ" ಎಂದರು.

ನಾನು ಒಪ್ಪಿದೆ, ಮತ್ತು ನಿದ್ದೆ ಹೋದೆ. ಎದ್ದಾಗ ಅರ್ಧ ಹಪ್ಪಳ ಇರಲಿಲ್ಲ, ನನ್ನ ಬೆನ್ನಿನ ಚರ್ಮವೂ ಅರ್ಧ ಇದ್ದಂತೆ ತೋರಲಿಲ್ಲ. ಒಂದು ವಾರ ಗೋಡೆಗೆ ಒರಗದೆ, ಇತಿಹಾಸದ ಪುಸ್ತಕದಲ್ಲಿರುವ ಶಿಲ್ಪದಂತೆ ನೆಟ್ಟಗೆ ಕುಳಿತೆ. ಎತ್ತರ ಸ್ವಲ್ಪ ಹೆಚ್ಚಾಗಿರಬಹುದೆಂದು ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗುರುತು ಹಾಕಿ ನೋಡಿದೆ. ಐದು ಆರು.

ನಾಲ್ಕನೆಯದು ಮೀನು. ಬೂತಾಯಿಯನ್ನು ಮುಳ್ಳು ಸಮೇತ ಅಗಿದು ತಿಂದರೆ ಎಲುಬಿಗೆ ಒಳ್ಳೆಯದೆಂದು ಓದಿದ್ದೆ. ನಮ್ಮದು ತಲೆತಲಾಂತರದಿಂದ ಕಡಲಿಗೆ ಇಳಿದ ಕುಟುಂಬ, ಮುಳ್ಳಿಗೆ ಹೆದರುವುದುಂಟೇ? ಮಧ್ಯಾಹ್ನ ಏಳು ಬೂತಾಯಿಗಳನ್ನು ಮುಳ್ಳು ಬಿಡದೆ ಮುಗಿಸಿದೆ. ಎಂಟನೆಯದು ವಾರಿಜಾಳ ಪಾಲಿನದು. ಅದನ್ನೂ ತಿಂದೆ. ಅದರ ಮುಳ್ಳು ಗಂಟಲಲ್ಲಿ ನಿಂತಿತು.

ಕುಚ್ಚಲಕ್ಕಿ ಅನ್ನದ ಉಂಡೆ ನುಂಗಿಸಿ ವಾರಿಜಾ ಮುಳ್ಳನ್ನೇನೋ ಇಳಿಸಿದಳು. ಆದರೆ ಅದಕ್ಕೆ ಮೊದಲೇ ಗಾಬರಿಯಲ್ಲಿ ಬೆಂಗ್ರೆಯ ನನ್ನ ಸೋದರಮಾವ ಗೋವಿಂದ ಮಾಮನಿಗೆ ಫೋನ್ ಮಾಡಿದ್ದಳು. ಮಾಮನಿಗೆ ಈಗ ಎಂಬತ್ತು. ಐವತ್ತು ವರ್ಷ ಕಡಲಿನಲ್ಲಿ ದುಡಿದ ದೇಹ, ಇನ್ನೂ ಆರಡಿ ಎತ್ತರಕ್ಕೆ ನೆಟ್ಟಗೆ ನಿಲ್ಲುತ್ತದೆ. ದೋಣಿಯಲ್ಲಿ ನದಿ ದಾಟಿ, ಎರಡು ಬಸ್ಸು ಬದಲಿಸಿ ಸಂಜೆ ಬಂದರು. ನನ್ನ ಗಂಟಲಿನ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ. ನಮ್ಮ ಮನೆತನದವನೊಬ್ಬನಿಗೆ ಬೂತಾಯಿಯ ಮುಳ್ಳು ಸಿಕ್ಕಿದ್ದು ಹೊರಗೆ ಯಾರಿಗೂ ಗೊತ್ತಾಗಲಿಲ್ಲವಷ್ಟೇ ಎಂದು ಕೇಳಿದರು.

ಮುಳ್ಳು ಯಾಕೆ ತಿಂದೆ ಎಂಬುದಕ್ಕೆ ನಾನು ಎರಡು ಇಂಚಿನ ಕತೆ ಹೇಳಿದೆ. ಮಾಮ ಚಾದ ಲೋಟ ಕೆಳಗಿಟ್ಟರು.

"ಎರಡು ಕೈ ಅಗಲ ಮಾಡು ನೋಡುವ."

ಮಾಡಿದೆ. ಹಗ್ಗ ಅಳೆಯುವವರು ಚಾಚಿದ ಕೈಗಳ ಈ ತುದಿಯಿಂದ ಆ ತುದಿಗೆ ಒಂದು ಮಾರು ಎಂದು ಲೆಕ್ಕ ಹಿಡಿಯುತ್ತಾರೆ. ಮಾಮ ಎದುರು ನಿಂತು ತನ್ನ ಕೈಗಳನ್ನು ನನ್ನ ಕೈಗಳ ಪಕ್ಕ ಚಾಚಿ, ತಲೆಯಾಡಿಸಿ ಕುಳಿತರು.

"ಒಬ್ಬನ ಮಾರು ಎಷ್ಟೋ ಎತ್ತರ ಅಷ್ಟೇ ಮಾರಾಯ. ಬೆನ್ನು ಬಗ್ಗೀತು, ಕೈ ಗಿಡ್ಡ ಆಗ್ಲಿಕ್ಕುಂಟಾ? ನಿನ್ನ ಮಾರು ಆಗಲೂ ಇಷ್ಟೇ. ಕಾಲೇಜು ರಜೆಯಲ್ಲಿ ಲಂಗರಿನ ಹಗ್ಗ ನಲವತ್ತು ಮಾರು ಅಳೆದು ಕೊಡು ಅಂತ ಹೇಳಿದ್ದೆ, ನೆನಪುಂಟಾ? ನನ್ನ ಕೈಯಲ್ಲಿ ಅಳೆದರೆ ಮೂವತ್ತೇಳೂ ಆಗಲಿಲ್ಲ. ದೋಣಿ ನಿಂತಲ್ಲಿ ನಿಲ್ಲದೆ ನಾವು ಎಲ್ಲೆಲ್ಲೋ ಹೋಗಿಬಿಟ್ಟೆವು."

ನೆನಪಿರಲಿಲ್ಲ. ಆ ರಾತ್ರಿ ಡೈರಿಯಲ್ಲಿ ಹೀಗೆ ಬರೆದೆ: 'ಎಂಬತ್ತರ ವೃದ್ಧರೊಬ್ಬರ ಮೌಖಿಕ ಹೇಳಿಕೆ. ನಲವತ್ತು ವರ್ಷ ಹಿಂದಿನ ಘಟನೆ. ಲಿಖಿತ ಆಧಾರ ಇಲ್ಲ. ತಿರಸ್ಕರಿಸಲಾಗಿದೆ.'

ಉಳಿದದ್ದು ಒಂದೇ ಉಪಾಯ, ಜೋತಾಡುವುದು. ಜೋತಾಡಿದರೆ ಬೆನ್ನುಮೂಳೆ ಬಿಡಿಸಿಕೊಳ್ಳುತ್ತದೆ ಎಂದು ಯಾರೋ ವೀಡಿಯೊದಲ್ಲಿ ಹೇಳಿದ್ದ. ಅವನಿಗೆ ಇಪ್ಪತ್ತೈದು ವರ್ಷ ಇರಬಹುದು. ನಾನು ಅರುವತ್ತರವನು, ಮೆಟ್ಟಿಲಿನ ಮೇಲಿನ ಕಬ್ಬಿಣದ ಸರಳು ಹಿಡಿದು ಕಾಲು ಬಿಟ್ಟೆ. ಬಲ ಭುಜದಲ್ಲಿ ಏನೋ ಸದ್ದಾಯಿತು. ಎಷ್ಟು ಹೊತ್ತು ಜೋತಾಡಿದೆ ಎಂದು ಬರೆದುಕೊಳ್ಳುವ ಅಗತ್ಯ ಬೀಳಲಿಲ್ಲ.

ಹೀಗೆ ಕೊನೆಗೂ ನಾನೂ ವಾರಿಜಾಳೂ ಎಲುಬಿನ ಡಾಕ್ಟ್ರ ಮುಂದೆ ಕುಳಿತೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವರು. ಭುಜ ಉಳುಕಿದೆ ಅಷ್ಟೇ ಎಂದರು. ನಾನು ಮುಖ್ಯ ವಿಷಯಕ್ಕೆ ಬಂದೆ. ಅವರು ನನ್ನ ಎತ್ತರ ಅಳೆದರು, ಐದು ಆರು. ಆಮೇಲೆ ಟೇಪು ತೆಗೆದು ಎರಡೂ ಕೈ ಚಾಚಿ ಎಂದರು. ಬಲಗೈ ಏಳಲಿಲ್ಲ. ತೊಂದರೆ ಇಲ್ಲವೆಂದು ಎದೆಯ ನಡುವಿನಿಂದ ಎಡಗೈಯ ಬೆರಳ ತುದಿವರೆಗೆ ಹಿಡಿದರು. ಮೂವತ್ತಮೂರು ಇಂಚು. ಎರಡರಿಂದ ಗುಣಿಸಿದರು. ಅರುವತ್ತಾರು ಇಂಚು, ಅಂದರೆ ಐದು ಅಡಿ ಆರು.

"ನೀವು ಏನೂ ಕಳಕೊಂಡಿಲ್ಲ ಸರ್. ನೀವು ಮೊದಲಿನಿಂದಲೂ ಇಷ್ಟೇ ಇದ್ದಿರಬೇಕು."

ಮಾಮನ ಮಾತು ಸ್ಟೆಥಾಸ್ಕೋಪು ಹಾಕಿಕೊಂಡು ಬಂದಿತ್ತು. ನಾನು ಸುಲಭವಾಗಿ ಬಿಡಲಿಲ್ಲ. ಮೂವತ್ತೊಂದು ದಾಖಲೆಗಳಿವೆ ಎಂದೆ, ಮಾರು ಮತ್ತು ಎತ್ತರ ಒಂದೇ ಎಂಬುದಕ್ಕೆ ಏನು ಆಧಾರ ಎಂದು ಕೇಳಿದೆ. ಹೆಚ್ಚಿನವರಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ, ಬೇಕಾದರೆ ತೋರಿಸುತ್ತೇನೆ ಎಂದು ಡಾಕ್ಟ್ರು ನಕ್ಕು ವಾರಿಜಾಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಅವಳು ನಾಚಿಕೊಂಡು ಕೈ ಚಾಚಿದಳು. ಐದು ಅಡಿ ಐದು ಇಂಚು. ಎತ್ತರ ಅಳೆದರು. ಐದು ಅಡಿ ಮೂರು.

ಡಾಕ್ಟ್ರು ಇನ್ನೊಮ್ಮೆ ಅಳೆದರು. ನಗು ನಿಂತಿತ್ತು.

"ನಿಮ್ಮ ಎತ್ತರ ಮೊದಲು ಎಷ್ಟಿತ್ತು ಅಮ್ಮ?"

"ಐದು ಐದು. ಕಾಲೇಜಿನಲ್ಲಿ ತ್ರೋಬಾಲ್ ಆಡ್ತಿದ್ದೆ, ಸರ್ಟಿಫಿಕೇಟಿನಲ್ಲಿ ಉಂಟು."

ಬೆನ್ನು ನೋಯುತ್ತದೆಯೇ ಎಂದು ಕೇಳಿದರು. ಎರಡು ವರ್ಷದಿಂದ ನೋಯುತ್ತದೆ, ಕೆಲಸದ ನೋವು ಎಂದುಕೊಂಡಿದ್ದೆ ಎಂದಳು ವಾರಿಜಾ. ನನಗೆ ಹೇಳಿದ್ದಳೇ? ಡೈರಿಯಲ್ಲಿ ಇಲ್ಲ. ಹೇಳಿದ್ದು ನಾನು ಬರೆಯದಿರುವ ಸಾಧ್ಯತೆಯೇ ಹೆಚ್ಚು. ಹಾಲು ಕುಡಿಯುತ್ತೀರಾ, ಬಿಸಿಲಿಗೆ ಹೋಗುತ್ತೀರಾ, ಮೀನು ತಿನ್ನುತ್ತೀರಾ ಎಂದು ಡಾಕ್ಟ್ರು ಒಂದೊಂದಾಗಿ ಕೇಳಿದರು.

"ಮೊದಲು ಸ್ವಲ್ಪ ಸ್ವಲ್ಪ ಎಲ್ಲ ಇತ್ತು ಡಾಕ್ಟ್ರೇ" ಎಂದಳು ಅವಳು. "ಈಗ ಒಂದು ತಿಂಗಳಿಂದ ಅದನ್ನೆಲ್ಲ ಇವರೇ ನೋಡಿಕೊಳ್ತಾ ಇದ್ದಾರೆ."

ಡಾಕ್ಟ್ರು ನನ್ನ ಕಡೆ ನೋಡಿದರು. ನಾನು ಭುಜ ಉಜ್ಜಿಕೊಂಡೆ.

ಸ್ಕ್ಯಾನ್ ಆಯಿತು. ವಾರಿಜಾಳ ಬೆನ್ನಿನ ಎರಡು ಎಲುಬುಗಳು ಸವೆದು ಕುಗ್ಗಿದ್ದವು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಸದ್ದಿಲ್ಲದೆ ಆಗುತ್ತದೆ, ಒಂದು ತಿಂಗಳ ಹಾಲಿನಿಂದ ಆದದ್ದಲ್ಲ ಎಂದು ಡಾಕ್ಟ್ರು ಹೇಳಿದ್ದು ಬಹುಶಃ ನನ್ನ ಮೇಲಿನ ಕರುಣೆಯಿಂದ. ಸಮಯಕ್ಕೆ ಗೊತ್ತಾಗಿದೆ, ಮಾತ್ರೆ, ಊಟ, ನಡಿಗೆ ಸರಿಯಾಗಿದ್ದರೆ ಇನ್ನೂ ಕುಸಿಯದಂತೆ ತಡೆಯಬಹುದು, ಬೀಳದಂತೆ ಮಾತ್ರ ಜಾಗ್ರತೆ ಎಂದರು. ಅವಳಿಗೆ ಒಂದು ಪುಟ ತುಂಬ ಔಷಧಿ ಬರೆದರು. ನನಗೆ ಭುಜಕ್ಕೆ ಮುಲಾಮು.

ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ನಾನು ಎರಡು ಇಂಚು ಕುಸಿದಿದ್ದರೆ ಐದು ಐದರ ವಾರಿಜಾ ನನಗೆ ಹೆಚ್ಚುಕಡಿಮೆ ಸಮನಾಗಿ ಕಾಣಬೇಕಿತ್ತು. ಆದರೆ ಅವಳ ತಲೆ ನನ್ನ ತಲೆಗಿಂತ ಮೂರು ಇಂಚು ಕೆಳಗೆ, ಡಬ್ಬಿಗೆ ಕೈ ಎಟುಕದೆ, ಎರಡು ವರ್ಷಗಳಿಂದ ದಿನವೂ ನನ್ನ ಎದುರೇ ಓಡಾಡುತ್ತಿತ್ತು. ಆಧಾರ ಒಲೆಯ ಪಕ್ಕ ನಿಂತಿತ್ತು. ಇತಿಹಾಸದ ಮಾಷ್ಟ್ರು ಕಪಾಟಿನಲ್ಲಿ ಹುಡುಕುತ್ತಿದ್ದರು.

ಆ ಕಪಾಟಿನಿಂದ ಮೊದಲ ಡೈರಿ ತೆಗೆದೆ. ಮದುವೆ ನಿಶ್ಚಯವಾದ ವರ್ಷದ್ದು. ಮೊದಲ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. 8ರ ಮೇಲಿನ ಸೊನ್ನೆ ಬೇರೆ ಶಾಯಿಯಲ್ಲಿತ್ತು. ಕೆಳಗೆ ಸ್ಪಷ್ಟವಾದ ಒಂದು 6. ಅದರ ಬಾಲವನ್ನು ತಿರುಗಿಸಿ ಜೋಡಿಸಿದ ಕೈ ನನ್ನದೇ. ಹುಡುಗಿ ಐದು ಐದು ಇದ್ದಾಳೆ, ಹುಡುಗ ಮೂರು ಇಂಚಾದರೂ ಹೆಚ್ಚು ಬೇಕು ಎಂದು ಅವಳ ಮನೆಯವರು ಕೇಳಿದ್ದ ನೆನಪು. ನೆನಪು ಎನ್ನಲೂ ಈಗ ಹೆದರಿಕೆ. ಉಳಿದ ಮೂವತ್ತು ಡೈರಿಗಳು ಇದನ್ನು ನೋಡಿ ಬರೆದುಕೊಂಡವು. ಒಂದರಿಂದ ಒಂದು ನಕಲು ಮಾಡಿದ ದಾಖಲೆಗಳು ಎಷ್ಟು ಸೇರಿದರೂ ಆಧಾರ ಒಂದೇ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ. ಮಕ್ಕಳು ಅದನ್ನೂ ನಕಲು ಮಾಡಿಕೊಳ್ಳುತ್ತಿದ್ದರು.

ವಾರಿಜಾಳಿಗೆ ತೋರಿಸಿದೆ. ಅವಳು ಕನ್ನಡಕವನ್ನೂ ಹಾಕಲಿಲ್ಲ.

"ಮದುವೆ ದಿವಸ ಹಾರ ಹಾಕುವಾಗಲೇ ಗೊತ್ತಾಗಿದೆ. ನಿಮ್ಮ ಕಣ್ಣು ನನ್ನ ಕಣ್ಣಿನ ನೇರಕ್ಕೆ ಇತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದರೆ ನೀವು ಡೈರಿ ತೋರಿಸ್ತಿದ್ದಿರಿ."

ಈಗ ಮನೆಗೆ ಒಂದು ಲೀಟರ್ ಹಾಲು ಬರುತ್ತದೆ. ಬಟ್ಟೆ ಒಣಗಿಸಲು ಇಬ್ಬರೂ ಹೋಗುತ್ತೇವೆ. ಬಕೆಟ್ ನಾನು ಎಡಗೈಯಲ್ಲಿ ಹೊರುತ್ತೇನೆ, ಅವಳು ಬಿಸಿಲಿನಲ್ಲಿ ನಿಂತು ಸುಗಂಧಿಯಕ್ಕನ ಜೊತೆ ನನ್ನ ಬಗ್ಗೆ ಮಾತಾಡುತ್ತಾಳೆ. ಸಂಜೆ ಕಾವೂರು ಕೆರೆಯ ಸುತ್ತ ನಡೆಯುತ್ತೇವೆ. ಮಣ್ಣಿ ನಾನೇ ಮಗುಚುತ್ತೇನೆ, ಫೋನ್ ಬೇರೆ ಕೋಣೆಯಲ್ಲಿರುತ್ತದೆ. ಗಂಟು ಇನ್ನೂ ಇದೆ ಎಂದು ಅವಳ ದೂರು.

ನಿನ್ನೆ ಇಬ್ಬರೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅಳೆದುಕೊಂಡೆವು. ನಾನು ಐದು ಆರು, ಅವಳು ಐದು ಮೂರು. ಹುಡುಗ ಮೂರು ಇಂಚು ಹೆಚ್ಚು. ಅಂದು ನಾನು ಬರೆದ ಸುಳ್ಳನ್ನು ಅವಳು ತನ್ನ ಬೆನ್ನಿನ ಎಲುಬು ಕೊಟ್ಟು ನಿಜ ಮಾಡಿದ್ದಾಳೆ.

ಆಮೇಲೆ ರಾಗಿ ಡಬ್ಬಿಯನ್ನು ಅವಳ ಕೈಗೆ ಎಟುಕುವ ಕೆಳಗಿನ ಶೆಲ್ಫಿಗೆ ಇಳಿಸಿದೆ. ಇಳಿಸುವಾಗ ತುದಿಗಾಲಲ್ಲಿ ನಿಂತಿದ್ದೆ. ಈ ಸಲ ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.