ಮಕ್ಕಳಿಲ್ಲದ ಫಾದರಪ್ಪ

ಹೊಸಬರನ್ನು ಪ್ರಶ್ನೆ ಕೇಳದೆ ಬಿಡುವ ಊರಲ್ಲ ಜಹೀರಾಬಾದ್. ಇಲ್ಲಿನ ಚಿಕ್ಕ ಚರ್ಚಿಗೆ ನಾನು ಪಾದ್ರಿಯಾಗಿ ಬಂದಾಗಿನಿಂದ ಒಂದಲ್ಲ ಒಂದು ಪ್ರಶ್ನೆ ದಾರಿಯಲ್ಲಿ ಅಡ್ಡಗಟ್ಟುತ್ತಲೇ ಇದೆ. ನಾನು ಹುಟ್ಟಿ ಬೆಳೆದ ಕರಾವಳಿಯಲ್ಲಿ ಪಾದ್ರಿ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿ ನಾಲ್ಕು ಮನೆ ದಾಟಿದರೆ ಒಬ್ಬ ಪಾದ್ರಿಯ ತಮ್ಮನಾದರೂ ಸಿಗುತ್ತಾನೆ.

ಸಾಲದ್ದಕ್ಕೆ, ನನ್ನನ್ನು ಇಲ್ಲಿಗೆ ಕಳಿಸಿದ ಹಿರಿಯ ಪಾದ್ರಿ ಹೊರಡುವಾಗಲೇ ತಲೆಗೊಂದು ಹುಳ ಬಿಟ್ಟಿದ್ದರು. “ಈಗ ಪೂಜೆ ಫೋನಿನಲ್ಲೇ ಸಿಗುತ್ತದೆ. ಅಲ್ಲಿ ನಮ್ಮವರದು ಬೆರಳೆಣಿಕೆಯ ಮನೆ. ತಿಂಗಳಿಗೊಮ್ಮೆ ತಾಂಡೂರಿನಿಂದ ಯಾರಾದರೂ ಬಂದು ಹೋದರೆ ಸಾಲದೇ? ಈಸ್ಟರ್‌ವರೆಗೆ ಇದ್ದು ನೋಡು. ಆ ಹೊತ್ತಿಗೆ ನಾನೇ ಬಂದು ತೀರ್ಮಾನ ಮಾಡುತ್ತೇನೆ.”

ನನಗೋ ಬಂದ ವಾರದಲ್ಲೇ ಊರು ಹಿಡಿಸಿಬಿಟ್ಟಿತ್ತು. ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಹಾಗಾಗಿ “ನೀವು ಇಲ್ಲಿ ಯಾತಕ್ಕ ಅದೀರಿ?” ಎಂದು ಯಾರಾದರೂ ಕೇಳಿದರೆ, ಉತ್ತರ ಏನಿರಬಹುದು ಎಂಬ ಕುತೂಹಲ ಅವರಿಗಿಂತ ನನಗೇ ಜಾಸ್ತಿ.

ಎರಡು ಸಲ ಅಪ್ಪ

ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯವನು ಮೊದಲ ದಿನವೇ ಕೇಳಿದ: “ಮಕ್ಕಳೆಷ್ಟ್ರಿ ಫಾದರ್?”

“ಮಕ್ಕಳಿಲ್ಲಪ್ಪ. ಮದುವೆಯೇ ಇಲ್ಲ.”

ಚಹಾ ಸೋಸುತ್ತಿದ್ದವನ ಕೈ ನಿಂತಿತು. “ನಮ್ಮ ಓಣಿ ಪಾಸ್ಟರಿಗೆ ನಾಕು ಮಕ್ಕಳದಾವ. ಅವರಿಗ ಯಾರೂ ಫಾದರ್ ಅನ್ನಂಗಿಲ್ಲ. ನಿಮಗ ಒಂದೂ ಇಲ್ಲ, ಊರೆಲ್ಲಾ ಫಾದರ್ ಅಂತದ. ಇದ್ಯಾವ ಲೆಕ್ಕ್ರಿ?”

ಪಾಸ್ಟರರದು ಬೇರೆ ಪಂಗಡ, ಅವರು ಮದುವೆಯಾಗಬಹುದು. ನಮ್ಮಲ್ಲಿ ಆಗುವಂತಿಲ್ಲ, ಅದಕ್ಕೇ ಎಲ್ಲರೂ ನಮಗೆ ಮಕ್ಕಳಿದ್ದ ಹಾಗೆ ಎಂದೆ.

“ಹಂಗಾದ್ರ ನಾನೂ ನಿಮ್ಮ ಮಗನೇ ಆದೆ?”

“ಒಂದು ರೀತಿಯಲ್ಲಿ ಹೌದು.”

ಅವನು ಬೆಂಚಿನ ಮೇಲೆ ಕೂತವರ ಕಡೆ ತಿರುಗಿ ಕೂಗಿದ: “ಎಲ್ಲಾರೂ ಇನ್ನೊಂದೊಂದು ಚಾ ತೊಗೋರಿ. ರೊಕ್ಕ ನಮ್ಮಪ್ಪ ಕೊಡ್ತಾರ!”

ಕೊಟ್ಟೆ. ಈ ಕಡೆ ಗಂಡಸರ ಹೆಸರಿಗೆಲ್ಲ ಒಂದು ‘ಅಪ್ಪ’ ಅಂಟಿಸುವ ರೂಢಿ. ಅಂದಿನಿಂದ ನಾನು ಫಾದರಪ್ಪ. ಒಂದೂ ಮಗುವಿಲ್ಲದೆ ಎರಡೆರಡು ಸಲ ಅಪ್ಪನಾದವನು ನಾನೊಬ್ಬನೇ ಇರಬೇಕು.

ವಿರಕ್ತರ ಅಡುಗೆಮನೆ

ಪಕ್ಕದ ಮನೆ ಲಿಂಗಾಯತರದು. ಆ ಮನೆಯ ಅಜ್ಜಿ ಕಾಂಪೌಂಡ್ ಗೋಡೆಯ ಮೇಲಿಂದ ನನ್ನನ್ನು ಕೆಲವು ದಿನ ಸುಮ್ಮನೆ ನೋಡಿದಳು. ಆಮೇಲೆ ಬಾಯಿಬಿಟ್ಟಳು.

“ತಮ್ಮಾ, ನೀ ವಿರಕ್ತನೋ, ಇಲ್ಲಾ ಹೆಂಡ್ರು ಮಕ್ಕಳಿರೋ ಅಯ್ನೋರ ಪೈಕಿಯೋ?”

ಅವರಲ್ಲಿ ಮದುವೆಯಾಗದ ಮಠದ ಸ್ವಾಮಿಗಳೂ ಇದ್ದಾರೆ, ಸಂಸಾರ ಮಾಡಿಕೊಂಡು ಪೂಜೆ ಮಾಡಿಸುವ ಅಯ್ಯನವರೂ ಇದ್ದಾರೆ. ಕೊನೆಗೂ ನನ್ನನ್ನು ಅರ್ಥ ಮಾಡಿಕೊಳ್ಳುವವರು ಸಿಕ್ಕರು ಎಂದು ಹಿಗ್ಗಿ, “ವಿರಕ್ತನೇ ಅಜ್ಜಿ” ಎಂದೆ.

“ಮತ್ತ ಕಾವಿ ಎಲ್ಲದ? ಅಡಗಿ ಮಾಡಿ ಹಾಕೋ ಶಿಷ್ಯರೆಲ್ಲಿ?”

“ಯಾರೂ ಇಲ್ಲ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಪಾತ್ರೆ, ಬಟ್ಟೆ, ಕಸ ಎಲ್ಲ ನಂದೇ.”

ಅಜ್ಜಿ ಒಳಗೆ ಹೋಗಿ, ಜೋಳದ ರೊಟ್ಟಿಯ ಮೇಲೆ ಪುಂಡಿ ಪಲ್ಯ ಇಟ್ಟು ತಂದು ಗೋಡೆಯಾಚೆ ಚಾಚಿದಳು. “ತಿನ್ನಪಾ. ಸಂಸಾರದ ಕೆಲಸೆಲ್ಲಾ ನಿನಗದ, ಸಂಸಾರ ಒಂದಿಲ್ಲ. ಯಾವ ಜಾಣ ಕಲಿಸ್ಯಾನ ನಿನಗ ಈ ವೈರಾಗ್ಯ?”

ಬಸ್ಸಿನಲ್ಲಿ ವಿಚಾರಣೆ

ನಾರಾಯಣಖೇಡಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅರಿವೆ ಅಂಗಡಿಯ ಸಾಹುಕಾರ. ನಾನು ಪಾದ್ರಿ ಎಂದು ಗೊತ್ತಾದದ್ದೇ ತಡ, ನನ್ನ ಕಡೆಗೇ ತಿರುಗಿ ಕೂತ.

“ಮಂದಿ ತಾವು ಮಾಡಿದ ತಪ್ಪೆಲ್ಲಾ ನಿಮ್ಮ ಮುಂದ ಬಂದು ಹೇಳ್ತಾರಂತ, ಖರೇನ್ರಿ?”

“ಹೌದು.”

“ನೀವು ಯಾರ ಮುಂದೂ ಅನ್ನಂಗಿಲ್ಲಾ? ಇಲ್ಲಿ ಮುಂಜಾನಿ ಆಡಿದ ಮಾತು ಸಂಜೀಕ ವಾಟ್ಸಾಪ್ ಗ್ರೂಪಿನಾಗ ಇರ್ತದ್ರಿ.”

“ಯಾರಿಗೂ ಹೇಳುವುದಿಲ್ಲ.”

“ಪೊಲೀಸರು ಬಂದು ಕೇಳಿದ್ರ?”

“ಇಲ್ಲ.”

“ನಿಮ್ಮ ಹಿರೇರು ಕೇಳಿದ್ರ?”

“ಅವರಿಗೂ ಇಲ್ಲ.”

“ಮನ್ಯಾಗ ಹೆಂಡ್ತಿ ಕೇಳಿದ್ರ?”

“ಹೆಂಡತಿ ಇಲ್ಲ. ನಮ್ಮಲ್ಲಿ ಮದುವೆ ಮಾಡಿಕೊಳ್ಳುವುದಿಲ್ಲ.”

ಸಾಹುಕಾರ ಮೊಣಕಾಲು ತಟ್ಟಿಕೊಂಡು ಇಡೀ ಬಸ್ಸಿಗೆ ಕೇಳುವ ಹಾಗೆ ಅಂದ: “ಈಗ ತಿಳೀತ್ರಿ! ನಿಮ್ಮ ಹಿರೇರು ಭಾಳ ಶಾಣ್ಯಾರದಾರ. ಅದಕ್ಕೇ ನಿಮಗ ಲಗ್ನ ಮಾಡಿಲ್ಲ!”

ದೇವಶಾಸ್ತ್ರ ಓದುವಾಗ ಬ್ರಹ್ಮಚರ್ಯಕ್ಕೆ ಹಲವು ಕಾರಣ ಕಲಿತಿದ್ದೆ. ಇದೊಂದು ತಪ್ಪಿಹೋಗಿತ್ತು.

ಉಲ್ಟಾ ಪಾದಪೂಜೆ

ಈಸ್ಟರಿನ ಮುಂಚಿನ ಗುರುವಾರ ನಮ್ಮಲ್ಲಿ ಒಂದು ವಿಧಿ ಇದೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿ ಹನ್ನೆರಡು ಜನರ ಕಾಲು ತೊಳೆಯಬೇಕು. ಹಿರಿಯ ಪಾದ್ರಿ ಅದೇ ದಿನಕ್ಕೆ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಅಷ್ಟರಲ್ಲಿ ಹನ್ನೆರಡನೆಯವನ ಫೋನು: ರಾಯಿಕೋಡದಲ್ಲಿ ಬಸ್ಸು ಕೆಟ್ಟು ನಿಂತಿದೆ, ಬರಲಾಗುವುದಿಲ್ಲ.

ಪಕ್ಕದ ಮನೆಗೆ ಓಡಿದೆ. ಅಜ್ಜಿಯ ಮಗ ಕಬ್ಬಿಗೆ ನೀರು ಬಿಟ್ಟು ಆಗ ತಾನೇ ಬಂದು ಕಟ್ಟೆಯ ಮೇಲೆ ಕೂತಿದ್ದ.

“ಯಜಮಾನ್ರೇ, ಚರ್ಚಿನಲ್ಲಿ ಪಾದ ತೊಳೆಯುವ ಪೂಜೆ ಇದೆ. ಒಬ್ಬರು ಕಡಿಮೆ ಬಿದ್ದಿದ್ದಾರೆ, ಬರ್ತೀರಾ?”

“ಪಾದಪೂಜಿ ಏನ್ರಿ? ಅದೇನ್ ನನಗ ಹೊಸದಲ್ಲ. ನೀವು ನಡೀರಿ, ಸಾಮಾನು ತೊಗೊಂಡು ಬಂದೆ.”

ಸಾಮಾನು ಯಾಕೆ ಎಂದು ಕೇಳಲು ನನಗೆ ಪುರಸೊತ್ತಿರಲಿಲ್ಲ. ಅವರ ಮನೆಗಳಲ್ಲಿ ಪಾದಪೂಜೆ ಅಂದರೆ ಸ್ವಾಮಿಗಳನ್ನು ಕೂಡಿಸಿ, ಭಕ್ತರು ಅವರ ಕಾಲು ತೊಳೆಯುವುದು.

ಸ್ವಲ್ಪ ಹೊತ್ತಿಗೆ ಬಂದ. ಕೈಯಲ್ಲಿ ತಾಮ್ರದ ತಂಬಿಗೆ, ವಿಭೂತಿ, ಬಿಲ್ವಪತ್ರೆ. ಹನ್ನೆರಡನೆಯ ಕುರ್ಚಿಯಲ್ಲಿ ಗಂಭೀರವಾಗಿ ಕೂತ. ನಾನು ಹನ್ನೊಂದು ಜನರನ್ನು ಮುಗಿಸಿದೆ. ಎಲ್ಲರೂ ಮನೆಯಲ್ಲೇ ಸೋಪು ಹಚ್ಚಿ ಕಾಲು ತಿಕ್ಕಿಕೊಂಡು ಬಂದಿದ್ದರು; ಬೋಗುಣಿಯ ನೀರು ತಿಳಿಯಾಗಿಯೇ ಇತ್ತು. ಅವನ ಮುಂದೆ ಬಂದು ಮಂಡಿಯೂರಿದೆ. ಅವನೂ ಕುರ್ಚಿಯಿಂದ ಇಳಿದು ಮಂಡಿಯೂರಿದ. ಇಬ್ಬರ ತಲೆಗಳೂ ಠಣ್ ಎಂದು ಢಿಕ್ಕಿ ಹೊಡೆದವು.

“ಕಾಲು ಕೊಡ್ರಿ ಫಾದರ್.”

“ನೀವು ಕೊಡಿ.”

“ಅವರದು ಹ್ಯಾಂಗರೆ ಇರಲಿ, ನೀವು ಸ್ವಾಮ್ಯಾರು, ನನ್ನ ಕಾಲು ಹಿಡಿದ್ರ ನನಗ ಪಾಪ ಬರ್ತದ!”

“ನಮ್ಮಲ್ಲಿ ಉಲ್ಟಾ, ಯಜಮಾನ್ರೇ!”

ಈ ಎಳೆದಾಟದಲ್ಲಿ ತಂಬಿಗೆ ಮಗುಚಿ ನನ್ನ ನಿಲುವಂಗಿಯೆಲ್ಲ ತೊಯ್ದು ತೊಪ್ಪೆಯಾಯಿತು. ಚರ್ಚಿಗೆ ಚರ್ಚೇ ನಗುತ್ತಿತ್ತು. ಮುಂದಿನ ಬೆಂಚಿನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಅವನ ಕಿವಿಯಲ್ಲಿ ಬೇಡಿಕೊಂಡೆ: “ನಾನು ಈ ಊರಲ್ಲಿ ಇರಬೇಕೋ ಬೇಡವೋ ಅಂತ ಇವತ್ತೇ ತೀರ್ಮಾನ. ದಯವಿಟ್ಟು ಕಾಲು ಕೊಡಿ.”

ಅವನು ಮೆಲ್ಲಗೆ ಕೂತು ಬಲಗಾಲು ಚಾಚಿದ. ಹಿಮ್ಮಡಿ ಒಡೆದು, ಹೊಲದ ಎರೆಮಣ್ಣು ಮೆತ್ತಿದ ಕಾಲು. ತೊಳೆದೆ. ನೀರು ಕಪ್ಪಾಯಿತು. ನಿಜವಾಗಿಯೂ ತೊಳೆಯಬೇಕಾದ ಒಂದು ಕಾಲು ಕೊನೆಗೂ ಸಿಕ್ಕಿತಲ್ಲ ಎಂದು ನನಗೆ ಹೇಳಲಾರದಷ್ಟು ಖುಷಿಯಾಯಿತು. ಬೆರಳ ಸಂದಿಯೆಲ್ಲ ಬಿಡಿಸಿ ತೊಳೆದು ಒರೆಸಿದೆ. ಅವನು ಸಣ್ಣ ದನಿಯಲ್ಲಿ, “ಸಣ್ಣಾವ ಇದ್ದಾಗ ನಮ್ಮವ್ವ ತೊಳಿತಿದ್ದಳ್ರಿ. ಆಮ್ಯಾಲ ಯಾರೂ ತೊಳೆದಿಲ್ಲ” ಎಂದ. ನಮ್ಮ ಪದ್ಧತಿಯಲ್ಲಿ ಒಬ್ಬರಿಗೆ ಒಂದೇ ಕಾಲು. ನಾನು ಎದ್ದೆ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹಿರಿಯ ಪಾದ್ರಿ ನೇರವಾಗಿ ಅವನ ಬಳಿಗೇ ಹೋದರು. “ನೀವು ನಮ್ಮವರಲ್ಲ, ಅದಕ್ಕೇ ಕೇಳುತ್ತೇನೆ. ಇವರನ್ನು ತಾಂಡೂರಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಇವರಿಂದ ಇಲ್ಲಿ ಏನಾದರೂ ಆಗುವುದಿದೆಯಾ?”

ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಒಂದು ಬೆಳ್ಳಗೆ, ಒಂದು ಕರ್ರಗೆ.

“ಈಗೇ ಹ್ಯಾಂಗ ಒಯ್ತೀರಿ? ಇನ್ನೊಂದು ಕಾಲು ಹಂಗೇ ಉಳದದಲ್ರಿ!”

ಹಿರಿಯರು ನಕ್ಕು ನಕ್ಕು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ಊರಿನವರದೆಲ್ಲ ತೊಳೆದು ಮುಗಿಸಪ್ಪ. ಆಮೇಲೆ ನೋಡೋಣ” ಎಂದು ಒಬ್ಬರೇ ಕಾರು ಹತ್ತಿದರು.