ಕೈ ಎತ್ತಿದರೆ ಎಳೆಯಿರಿ

ಗೋದಾವರಿಯಲ್ಲಿ ಮೂರು ಮುಳುಗು ಹಾಕಿ ಎದ್ದು ಬರುವುದರಲ್ಲಿ ಅಂಥ ಕಷ್ಟವೇನಿದೆ? ನಾಸಿಕಕ್ಕೆ ಬರುವ ಮುದುಕಿಯರು, ಮೊಣಕಾಲು ನೋವಿನವರು, ಕಣ್ಣು ಮಂಜಾದವರು ಎಲ್ಲರೂ ಮುಳುಗುತ್ತಾರೆ, ಏಳುತ್ತಾರೆ, ಸೀರೆ ಹಿಂಡಿಕೊಂಡು ಪೇರಲಹಣ್ಣು ತಿನ್ನುತ್ತ ಮನೆಗೆ ಹೋಗುತ್ತಾರೆ. ನಾನಾದರೋ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಆಕಾಶದಲ್ಲಿ ಹಾರುವ ವಸ್ತುವಿನ ಬೋಲ್ಟು ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಿ ಮುದ್ರೆ ಒತ್ತುವವನು. ಸೊಂಟದಷ್ಟು ನೀರಿಗೆ ಹೆದರುವುದುಂಟೇ!

ಹೆದರುತ್ತಿದ್ದೆ. ಅದು ಬೇರೆ ಮಾತು.

ಹಿಂದಿನ ವರ್ಷ ಶ್ರಾವಣದಲ್ಲಿ ನನ್ನ ತಮ್ಮ ಮಾಧವ ಇದೇ ಹೊಳೆಯಲ್ಲಿ ಹೋದ. ಔರಂಗಾಬಾದ್ ಕಡೆಯ ಗಂಗಾಪುರದಲ್ಲಿ ಅವನಿಗೆ ಕೆಲಸವಿತ್ತು. ರಜೆಗೆಂದು ನಮ್ಮ ಮನೆಗೆ ಬಂದಿದ್ದ. ನಮ್ಮಿಬ್ಬರಲ್ಲಿ ಈಜು ಬರುತ್ತಿದ್ದದ್ದು ಅವನಿಗೆ. ಗದಗಿನ ನಮ್ಮ ಓಣಿಯ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತವನು, ಆಮೇಲೆ ಬುರುಡೆ ಬಿಚ್ಚಿ ಎಸೆದು ಬಾವಿಕಟ್ಟೆಯ ಮೇಲಿನಿಂದ ಜಿಗಿಯುತ್ತಿದ್ದವನು. ಆದರೆ ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ. ಮಳೆಗಾಲದ ಹೊಳೆಯ ನೀರು ನಡೆಯುತ್ತದೆ, ನಡೆಯುವಾಗ ಕೈಗೆ ಸಿಕ್ಕವರನ್ನು ಕರೆದುಕೊಂಡು ಹೋಗುತ್ತದೆ. ಈಜು ಬರುವವನು ಹೋದ. ಬಾರದವನು ಆ ಹೊತ್ತು ಕಾರ್ಖಾನೆಯಲ್ಲಿದ್ದ, ಉಳಿದ. ಮಾಧವನಿಗೆ ಮದುವೆಯಾಗಿರಲಿಲ್ಲ, ನಮ್ಮ ಅಪ್ಪ ಎಂದೋ ತೀರಿಕೊಂಡಿದ್ದರು. ಆದ್ದರಿಂದ ತಮ್ಮನ ವರ್ಷದ ಶ್ರಾದ್ಧ ಮಾಡುವ ಭಾಗ್ಯ ಅಣ್ಣನಾದ ನನ್ನ ಪಾಲಿಗೆ ಬಂತು.

ಅದಕ್ಕಾಗಿ ಅವ್ವ ಗದಗಿನಿಂದ ಬಂದಳು. ಟ್ರಂಕು ಇಳಿಸುವ ಮೊದಲೇ ಅಪ್ಪಣೆ ಕೊಟ್ಟಳು.

“ಮಾಧೂನ ಕೆಲಸ ಅದೇ ಹೊಳ್ಯಾಗ ಆಗಬೇಕು. ಅವ ಅಲ್ಲೇ ಇದ್ದಾನ, ಅಲ್ಲೇ ನೀರು ಬಿಡಬೇಕು. ಮೂರು ಮುಳುಗು. ತಲಿ ಪೂರಾ ಒಳಗ ಹೋಗಬೇಕು, ತಿಳೀತಿಲ್ಲೋ?”

“ಆಗಲಿ ಅವ್ವಾ.”

“ಮತ್ತ ನೀ ಆ ಹೊಳಿಗೆ ಇಳೀಬಾರದು.”

“ಇಳೀದನ ಮುಳುಗೋದು ಹ್ಯಾಂಗವ್ವಾ?”

“ಅದು ನನಗೇನು ಗೊತ್ತು? ಇಂಜಿನಿಯರ್ ನೀ ಇದ್ದೀ.”

ನಾನು ಇಂಜಿನಿಯರ್ ಅಲ್ಲ. ಆದರೆ ಗದಗಿನ ನಮ್ಮ ಓಣಿಯಲ್ಲಿ ಅರ್ಧ ಜನ ನನ್ನನ್ನು ಇಂಜಿನಿಯರ್ ಎಂದೂ, ಉಳಿದರ್ಧ ಜನ ನಾನೇ ವಿಮಾನ ಹಾರಿಸುತ್ತೇನೆಂದೂ ನಂಬಿದ್ದಾರೆ. ಅವ್ವ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೈಕಾಲು ತೊಳೆದು ಬಂದು ಗೋಡೆಗೆ ಒರಗಿ ಕೂತು, ಯಾರಿಗೂ ಅಲ್ಲವೆನ್ನುವಂತೆ ಹೇಳಿದಳು: “ಒಬ್ಬನ್ನ ಕೊಟ್ಟೀನಿ ಅದಕ್ಕ. ಇನ್ನೊಬ್ಬನ್ನ ಕೊಡಂಗಿಲ್ಲ.”

ಹೀಗೆ ಕಾರ್ಯವೂ ಆಗಬೇಕು, ನಾನೂ ಉಳಿಯಬೇಕು. ತಾಂತ್ರಿಕ ಸಮಸ್ಯೆ! ನಾನು ತಕ್ಷಣ ಪರಿಹಾರ ಕಂಡುಹಿಡಿದೆ. ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ದಂಡೆಯ ಮೇಲಿನವರ ಕೈಯಲ್ಲಿ. ಇಷ್ಟು ಸರಳ. ಪೇಟೆಗೆ ಹೋಗಿ ಎಮ್ಮೆಯನ್ನೂ ಎಳೆಯಬಲ್ಲಂಥ ಹಗ್ಗ ತಂದೆ.

ಅವ್ವ ಅದನ್ನು ದೂರದಿಂದಲೇ ನೋಡಿದಳು. “ಇದನ್ನ ಯಾರ್ಯಾರು ಮುಟ್ಟ್ಯಾರೋ. ಮಡೀಲೆ ಮಾಡೋ ಕೆಲಸಕ್ಕ ಇದನ್ನ ಕಟಗೋತಿಯೇನು?”

“ಒಗದು ಒಣಗಸ್ತೀನಿ.”

“ಹಗ್ಗಕ್ಕ ಎಲ್ಲಿ ಮಡಿ ಬರತದೋ?”

ನನ್ನ ಹೆಂಡತಿ ಸರೋಜಾ ಒಲೆಯ ಮುಂದಿನಿಂದಲೇ ನಕ್ಕಳು. “ಏನ್ರಿ, ಅತ್ತೀಯವರ ಸೀರಿ ಕಟಗೋರಿ. ಮಡೀನೂ ಆತು, ಹಗ್ಗಾನೂ ಆತು.”

ಅವಳು ಚೇಷ್ಟೆಗೆ ಹೇಳಿದ್ದು. ಆದರೆ ಅವ್ವ ಗಂಭೀರವಾಗಿ ಟ್ರಂಕು ತೆಗೆದಳು. ಅವಳ ಸೀರೆಯೆಂದರೆ ಈಗಿನವರ ಸೀರೆಯಲ್ಲ. ಒಂದು ಸುತ್ತು ಸುತ್ತಿ, ಕಚ್ಚೆ ಹಾಕಿ, ಇನ್ನೂ ಹೆಗಲ ಮೇಲೆ ಬೇಕಾದಷ್ಟು ಉಳಿಯುವ ಉದ್ದದ ಇಳಕಲ್ ಸೀರೆ. ನೂಲು ಗಟ್ಟಿ, ನೇಯ್ಗೆ ಗಟ್ಟಿ. ನಾನು ಎರಡೂ ಕೈಯಿಂದ ಜಗ್ಗಿ ನೋಡಿದೆ, ಬಾಗಿಲ ಚೌಕಟ್ಟಿಗೆ ಕಟ್ಟಿ ಜೋತು ಬಿದ್ದೆ. ಚೌಕಟ್ಟು ಕಿರುಗುಟ್ಟಿತು, ಸೀರೆ ಸುಮ್ಮನಿತ್ತು. ಪಾಸು! ಮುದ್ರೆಯೊಂದು ಒತ್ತುವುದು ಬಾಕಿ.

ಎಳೆಯುವುದಕ್ಕೆ ಗಂಡಾಳು ಬೇಕಲ್ಲ? ಪದ್ಮನಾಭ ರಾಯರನ್ನು ಕರೆದೆ. ಅವರು ಉಡುಪಿ ಕಡೆಯವರು, ನಮ್ಮ ವಾಡೆಯ ಎದುರಿಗೇ ಹೋಟೆಲು ಇಟ್ಟಿದ್ದಾರೆ.

“ಎಂತ ಮಾರಾಯ್ರೆ, ಇದಕ್ಕೆಲ್ಲ ಹೆದರುವುದಾ? ನಾವು ಸಮುದ್ರದ ಬದಿಯವರು. ಈ ಗೋದಾವರಿ ನಮಗೊಂದು ನೀರಾ?” ಎಂದರು. ಅವರ ಎದೆಯಗಲ ನೋಡಿ ನನಗೆ ಧೈರ್ಯ ಬಂತು.

ಇನ್ನು ಉಳಿದದ್ದು ಸಂಕೇತ. ಯಾವಾಗ ಎಳೆಯಬೇಕೆಂಬುದು ಸ್ಪಷ್ಟವಿರಬೇಕು. ನಾನು ಮೂವರನ್ನೂ ಪಡಸಾಲೆಯಲ್ಲಿ ನಿಲ್ಲಿಸಿ ಕಾರ್ಖಾನೆಯ ದನಿಯಲ್ಲಿ ಹೇಳಿದೆ: “ನಾನು ಎರಡೂ ಕೈ ಮೇಲೆ ಎತ್ತಿದರೆ ಅಪಾಯವೆಂದು ಅರ್ಥ. ಯಾರೂ ವಿಚಾರ ಮಾಡುತ್ತ ನಿಲ್ಲಬಾರದು. ಕೈ ಎತ್ತಿದರೆ ಎಳೆಯಿರಿ.” ತಾಲೀಮೂ ಆಯಿತು. ನೆಲದ ಮೇಲೆ ಮಲಗಿ ಕೈ ಎತ್ತಿದೆ. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಜಾರಿ ಹೋದೆ. ಮೇಲಿನ ಮನೆಯ ಮಾವಶಿ ಮೆಟ್ಟಿಲ ಮೇಲೆ ನಿಂತು, “ಕಾಯ್ ಝಾಲಂ ಹೋ?” ಏನಾಯಿತೆಂದು ಗಾಬರಿಯಾದರು. “ಕಾಹೀ ನಾಹೀ, ಶ್ರಾದ್ಧಾಚೀ ತಯಾರೀ,” ಎಂದೆ. ಶ್ರಾದ್ಧಕ್ಕೆ ಇಂಥ ತಯಾರಿ ಮಾಡುವ ಕಾನಡಿ ಜನರ ಬಗ್ಗೆ ಅವರು ಏನು ತಿಳಿದುಕೊಂಡರೋ!

ಮಳೆಗಾಲದಲ್ಲಿ ಹೊಳೆ ಎಷ್ಟು ಏರಿದೆಯೆಂದು ತಿಳಿಯಲು ನಾಸಿಕದವರು ಘಾಟಿನ ಎರಡು ಮುಖದ ಮಾರುತಿಯನ್ನು ನೋಡುತ್ತಾರೆ. ಮಾರುತಿಯ ಸೊಂಟಕ್ಕೆ ನೀರು ಬಂದರೆ ಪೇಟೆಯವರು ಅಂಗಡಿ ಖಾಲಿ ಮಾಡುತ್ತಾರೆ. ಆ ದಿನ ಮಾರುತಿಯ ಪಾದ ಒಣಗಿತ್ತು. ಆದರೂ ನೀರು ಕೆಂಪಗೆ, ದಪ್ಪಗೆ, ಮೈಮೇಲೆ ಕಸಕಡ್ಡಿ ಹೊತ್ತು ಸಾಗಿತ್ತು. ಅವ್ವ ಅದನ್ನು ನೋಡಲಿಲ್ಲ. ನನ್ನ ಸೊಂಟದ ಗಂಟನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿದಳು.

ಕಾರ್ಯ ಮಾಡಿಸುವ ಗುರೂಜಿ ಮರಾಠಿಯವರು. ನನ್ನ ಬೆನ್ನಿಂದ ಹೊರಟು ಮೂರು ಜನರ ಕೈಗೆ ಹೋಗಿದ್ದ ಇಳಕಲ್ ಸೀರೆಯನ್ನು ನೋಡಿ, ಇದು ಕರ್ನಾಟಕದ ಯಾವುದೋ ಸಂಪ್ರದಾಯವೆಂದುಕೊಂಡು ಸುಮ್ಮನಾದರು.

ಇಳಿದೆ. ಸೊಂಟದವರೆಗೆ ನೀರು. ಕಣ್ಣು ಮುಚ್ಚಿ, ಮೂಗು ಹಿಡಿದು ಮೊದಲನೆಯ ಮುಳುಗು ಹಾಕಿ ಎದ್ದೆ. ಬದುಕಿದ್ದೆ! ಗುರೂಜಿ ಮೇಲಿನಿಂದ, ಸೂರ್ಯನಿಗೆ ಅರ್ಘ್ಯ ಬಿಡಿ ಎಂದರು. ಬೊಗಸೆಯಲ್ಲಿ ನೀರು ತುಂಬಿ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿದೆ.

ಎತ್ತಿದ್ದೇ ತಡ, ಎಳೆದರು!

ನನ್ನ ಬಾಯಲ್ಲಿದ್ದ ಮಂತ್ರ ಅರ್ಧಕ್ಕೇ ನಿಂತಿತು. ಬೆನ್ನು ಕೆಳಗೆ ಮಾಡಿ ಒಂದೊಂದೇ ಮೆಟ್ಟಿಲನ್ನು ಎಣಿಸುವಂತೆ ಮೇಲೆ ಬಂದೆ. “ಬಿಡಬ್ಯಾಡ್ರಿ! ಎಳೀರಿ!” ಎಂದು ಅವ್ವ ಕೂಗುತ್ತಿದ್ದಳು. ಪದ್ಮನಾಭ ರಾಯರು ಹೋಟೆಲಿನ ಒಲೆಗೆ ಕಟ್ಟಿಗೆ ಎಳೆಯುವವರಂತೆ ಎಳೆದರು.

“ಅರ್ಘ್ಯ ರೀ, ಅರ್ಘ್ಯ!” ಎಂದೆ ಮೆಟ್ಟಿಲ ಮೇಲೆ ಮಲಗಿಕೊಂಡೇ.

“ನೀವೇ ಹೇಳಿದ್ದಲ್ವಾ? ವಿಚಾರ ಮಾಡಬೇಡಿ ಅಂತ. ನಾವು ಮಾಡ್ಲಿಲ್ಲ,” ಎಂದರು ರಾಯರು.

ಮತ್ತೆ ಇಳಿದೆ. ಈ ಸಲ ಪಿಂಡ ಬಿಡಬೇಕು. ಪತ್ರಾವಳಿಯಲ್ಲಿದ್ದ ಪಿಂಡಕ್ಕೆ ನಡುನೀರು ಸೇರುವ ಮೊದಲು ಅಲೆ ತಾಗಬಾರದೆಂದು ಗುರೂಜಿ ಹೇಳಿದ್ದರು. ತಾಗದಿರಲೆಂದು ಪತ್ರಾವಳಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ. ಎತ್ತುತ್ತಿರುವಾಗಲೇ ನನಗೆ ನನ್ನ ತಪ್ಪು ಗೊತ್ತಾಯಿತು. ಆದರೆ ಗೊತ್ತಾಗುವುದಕ್ಕೂ ಕೈ ಇಳಿಯುವುದಕ್ಕೂ ನಡುವೆ ಮೂವರು ಎಳೆಯುವವರಿದ್ದರು. ಪಿಂಡ ಒಂದು ಕಡೆ, ಎಳ್ಳು ಒಂದು ಕಡೆ, ಧೋತರದ ಕಚ್ಚೆ ಒಂದು ಕಡೆ, ನಾನು ಮತ್ತದೇ ಮೆಟ್ಟಿಲುಗಳ ಮೇಲೆ. ಪಿಂಡಕ್ಕಾಗಿ ಕಾದಿದ್ದ ಕಾಗೆಗಳು ಹಾರಿಹೋದವು. ಸ್ನಾನಕ್ಕೆ ಬಂದವರೆಲ್ಲ ಸ್ನಾನ ಬಿಟ್ಟು ಸುತ್ತ ನಿಂತರು.

ಗುರೂಜಿಯ ಸಹನೆ ಮುಗಿಯಿತು. ಅವರು ಅವ್ವನ ಮುಂದೆ ಬೆರಳು ಆಡಿಸಿ ಹೇಳಿದರು: “ಆಜೀ, ಆತಾ ಹಾತ್ ವರ ಕೇಲಾ ತರೀ ಓಢಾಯ್ಚಂ ನಾಹೀ!” ಇನ್ನು ಕೈ ಎತ್ತಿದರೂ ಎಳೆಯಕೂಡದು. ಸರೋಜಾ ಅದನ್ನು ಅತ್ತೆಗೆ ಕನ್ನಡದಲ್ಲಿ ತಿಳಿಸಿದಳು. ರಾಯರು ಸೀರೆಯನ್ನು ಅವ್ವನ ಕೈಗೇ ಬಿಟ್ಟು ಮೇಲಿನ ಮೆಟ್ಟಿಲಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡರು.

ಉಳಿದ ಅನ್ನದಲ್ಲಿ ಇನ್ನೊಂದು ಪಿಂಡ ಮಾಡಿದೆವು. ಅದನ್ನು ಬಿಟ್ಟೆ. ಯಾರೂ ಎಳೆಯಲಿಲ್ಲ. ಎರಡನೆಯ ಮುಳುಗು ಹಾಕಿದೆ. ಎಲ್ಲವೂ ವಿಧಿಪೂರ್ವಕ ನಡೆಯತೊಡಗಿತು. ಮೂರನೆಯದನ್ನು ತಮ್ಮನ ಹೆಸರು ಹೇಳಿ ಹಾಕಬೇಕು. “ಮಾಧವ” ಎಂದು ಮುಳುಗಿದೆ. ಏಳುವಾಗ ಪಾಚಿಯ ಮೇಲೆ ಕಾಲು ಜಾರಿತು.

ಮೆಟ್ಟಿಲು ಇರಬೇಕಾದಲ್ಲಿ ಮೆಟ್ಟಿಲು ಇರಲಿಲ್ಲ. ಅವ್ವನ ಸೀರೆ ನೀರು ಕುಡಿದು ಕಲ್ಲಿನಷ್ಟು ಭಾರವಾಗಿ ಕಾಲಿಗೆ ಸುತ್ತಿಕೊಂಡಿತ್ತು. ಕೂಗಲು ಬಾಯಿ ತೆರೆದರೆ ಬಾಯಿಗೆ ಹೊಳೆ ಬಂತು. ನೀರಿನಲ್ಲಿ ಮುಳುಗುವವನು ಕೂಗುತ್ತಾನೆಂದು ನಾನು ತಿಳಿದಿದ್ದೆ. ಕೂಗಲಾಗುವುದಿಲ್ಲ. ಉಸಿರಿಗೇ ಪುರುಸೊತ್ತಿಲ್ಲ. ಕೈಯೊಂದೇ ಮೇಲೆ ಹೋಗುತ್ತದೆ, ತಾನಾಗಿಯೇ.

ಎರಡೂ ಕೈ ಎತ್ತಿದೆ.

ಯಾರೂ ಎಳೆಯಲಿಲ್ಲ. ನೀರಿನ ಮೇಲೆ ತಲೆ ಬಂದ ಒಂದು ಕ್ಷಣದಲ್ಲಿ ಕಂಡೆ: ಗುರೂಜಿ ಮಂತ್ರ ಹೇಳುತ್ತಿದ್ದರು, ರಾಯರು ಎಲೆ ಅಗಿಯುತ್ತಿದ್ದರು, ಜನ ನಗುತ್ತಿದ್ದರು. ಹಿಂದಿನ ವರ್ಷ ದಂಡೆಯಲ್ಲಿದ್ದವರು ನನಗೆ ಹೇಳಿದ್ದರು: “ನಿಮ್ಮ ತಮ್ಮ ಕೈ ಎತ್ತಿದ. ಖುಷಿಯಿಂದ ಎತ್ತಿದ ಅಂದುಕೊಂಡು ನಾವೂ ಕೈ ಎತ್ತಿದೆವು.” ಆ ಸಂಕೇತ ನನಗೆ ಎಲ್ಲಿಂದ ಹೊಳೆಯಿತೆಂದು ಆಗ ತಿಳಿಯಿತು. ಅದು ನನ್ನ ಬುದ್ಧಿಯದಾಗಿರಲಿಲ್ಲ.

ಆಮೇಲೆ ದಂಡೆಯಲ್ಲಿ ನಡೆದದ್ದನ್ನು ಸರೋಜಾಳಿಂದ ಕೇಳಿ ತಿಳಿದದ್ದು. ಗುರೂಜಿ ಬೇಡವೆಂದು ಕೈ ಅಡ್ಡ ಹಿಡಿದಿದ್ದರಂತೆ. “ಅವನ ಮಾರಿ ನೋಡ್ರಿ!” ಎಂದವಳೇ ಅವ್ವ, ಸೀರೆಯ ತುದಿಯನ್ನು ಮುಂಗೈಗೆ ಸುತ್ತಿಕೊಂಡು ನೀರಿಗೆ ಇಳಿದುಬಿಟ್ಟಳಂತೆ. ಅವಳಿಗೂ ಈಜು ಬಾರದು. ಈಗ ಹೊಳೆಯಲ್ಲಿ ಈಜು ಬಾರದವರು ಇಬ್ಬರು! ಸರೋಜಾ ಸೀರೆಯ ನಡುಭಾಗವನ್ನು ಹಿಡಿದು ಜೋತುಬಿದ್ದು, “ರಾಯರ, ಇಳೀರಿ! ನಿಮಗ ಈಜು ಬರತದಲ್ಲ!” ಎಂದು ಚೀರಿದಳಂತೆ.

“ಯಾರು ಹೇಳಿದ್ದು? ಸಮುದ್ರದ ಬದಿ ಅಂದದ್ದು ನಾನು, ಒಳಗೆ ಅಂದೆನಾ?” ಎನ್ನುತ್ತಲೇ ಅವರು ಓಡಿ ಬಂದು ಸೀರೆ ಹಿಡಿದರು. ಗುರೂಜಿ ಘಾಟಿನ ಕಬ್ಬಿಣದ ಸರಪಳಿಯನ್ನು ಒಂದು ಕೈಯಲ್ಲಿ, ಅವ್ವನ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದರು. ಅವ್ವ ನನ್ನ ಜನಿವಾರ, ಕೂದಲು, ಕಿವಿ, ಸಿಕ್ಕಿದ್ದನ್ನೆಲ್ಲ ಹಿಡಿದಳು. ನಾವು ಗೊಂಚಲಾಗಿ ಮೇಲೆ ಬಂದೆವು. ಸೀರೆ ಎಲ್ಲೂ ಹರಿದಿರಲಿಲ್ಲ. ನನ್ನ ತಪಾಸಣೆಯಲ್ಲಿ ಸರಿಯಾಗಿದ್ದದ್ದು ಅದೊಂದೇ.

ನಾನು ಕೆಮ್ಮಿ ಕೆಮ್ಮಿ ಹೊಳೆಯನ್ನು ಹೊಳೆಗೆ ಒಪ್ಪಿಸುತ್ತಿದ್ದೆ. ಗುರೂಜಿ ಬೆವರು ಒರೆಸಿಕೊಂಡು, ಕಾರ್ಯ ಸಾಂಗವಾಯಿತು, ಮುಳುಗುಗಳು ಬೇಕಾದ್ದಕ್ಕಿಂತ ಹೆಚ್ಚೇ ಆದವು ಎಂದರು. ಅವ್ವ ತನ್ನ ಸೆರಗು ಹಿಂಡಿದಳು, ನನ್ನ ತಲೆ ಒರೆಸಿದಳು, ಮತ್ತೆ ಸೆರಗು ಹಿಂಡಿದಳು. ಆಮೇಲೆ ಕೇಳಿದಳು.

“ಅವಗ ಯಾರೂ ಇಳೀಲಿಲ್ಲಲ್ಲೋ?”

ನಾನು ಕೆಮ್ಮಿದೆ. ಕೆಮ್ಮು ಆಗ ನಿಂತಿತ್ತು, ಆದರೂ ಕೆಮ್ಮಿದೆ.

“ನಾ ಇದ್ರ ಇಳೀತಿದ್ದೆ,” ಎಂದಳು.

ಅವ್ವ ಗದಗಿಗೆ ಹೋದಳು. ಪದ್ಮನಾಭ ರಾಯರು ತಮ್ಮ ಹೋಟೆಲಿನಲ್ಲಿ ಗಿರಾಕಿಗಳಿಗೆ ದೋಸೆಯ ಜೊತೆಗೆ ಈ ಕತೆಯನ್ನೂ ಬಡಿಸುತ್ತಾರೆ. ಅವರ ಕತೆಯಲ್ಲಿ ಅವರು ಈಜಿ ಬಂದಿರುತ್ತಾರೆ. ನನಗೊಂದು ಹೊಸ ಕಾಯಿಲೆ ಅಂಟಿಕೊಂಡಿದೆ. ಭಾನುವಾರ ಬಂದರೆ ಅಂದು ತಂದ ಹಗ್ಗ ಹಿಡಿದು ಘಾಟಿಗೆ ಹೋಗಿ ಕೂರುತ್ತೇನೆ. ನೀರಿನಲ್ಲಿ ಯಾರಾದರೂ ಕೈ ಎತ್ತಿದರೆ ಎದ್ದು ನಿಲ್ಲುತ್ತೇನೆ. ಬೆನ್ನು ಉಜ್ಜಲು ಕೈ ಎತ್ತಿದವರಿಗಾಗಿ ಓಡಿದ್ದೇನೆ. ಎಮ್ಮೆ ಕರೆಯಲು ಎತ್ತಿದವನಿಗಾಗಿ ಓಡಿದ್ದೇನೆ. ಒದ್ದೆ ಅಂಗಿ ಕಳಚುತ್ತಿದ್ದ ಒಬ್ಬ ಗೃಹಸ್ಥರ ಕಡೆಗೆ ಹಗ್ಗ ಎಸೆದು, ಅದು ಅವರ ಕೊರಳಿಗೆ ಬಿದ್ದು, ನನಗೆ ಮರಾಠಿಯ ಅನೇಕ ಹೊಸ ಶಬ್ದಗಳ ಪರಿಚಯವಾಗಿದೆ.

“ಸಾಕು ಮಾಡ್ರಿ, ಜನಾ ನಗತಾರ,” ಎನ್ನುತ್ತಾಳೆ ಸರೋಜಾ.

“ನಗಲಿ ಬಿಡು.”

“ಖರೇನ ಯಾರರ ಮುಳುಗಲಿಕ್ಕೆ ಹತ್ತಿದ್ರ ನೀವೇನು ಮಾಡ್ತೀರಿ? ನಿಮಗ ಈಜು ಎಲ್ಲೆ ಬರತದ?”

ನ್ಯಾಯವಾದ ಪ್ರಶ್ನೆ. ನನ್ನಿಂದ ಇದುವರೆಗೆ ಒಬ್ಬರೂ ಉಳಿದಿಲ್ಲ. ಹೋದ ಭಾನುವಾರವೂ ನಡುನೀರಿನಲ್ಲಿ ಒಬ್ಬ ಕೈ ಎತ್ತಿದ. ನಾನು ಕೊನೆಯ ಮೆಟ್ಟಿಲ ತನಕ ಓಡಿ, ಯಾರಾದರೂ ನೋಡಲೆಂದು ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸಿದೆ. ಅವನು ತನ್ನ ಪಾಡಿಗೆ ಆಚೆ ದಂಡೆ ಸೇರಿದ. ಅಲ್ಲಿದ್ದವರೆಲ್ಲ ನನ್ನನ್ನು ನೋಡಿ, ನಕ್ಕು, ತಾವೂ ಕೈ ಬೀಸಿದರು.