ಬುತ್ತಿ ಬಿಚ್ಚಿ ಹಂಚಿದ ಗುಳಗಿ

ದವಾಖಾನಿ ಬಾಕಿನ ಮ್ಯಾಲ ಪಾಳಿ ಹಚ್ಚಿ ಕುಂತ್ರ ನಗೋದಕ್ಕ ಬರ ಇಲ್ಲ ನೋಡ್ರಿ. ಮಂದಿ ಅಳಕೊಂತ ಬರ್ತಾರ ಖರೆ, ಆದ್ರ ಬಂದು ಕುಂತ ಮ್ಯಾಲ ಒಂದಿಲ್ಲೊಂದು ನಡದ ನಡೀತೈತಿ. ನಾ ಗಾಂಧಿ ಚೌಕದ ಹಿಂದಿನ ಓಣ್ಯಾಕಿ, ಎರಡನೇತ್ತೆಗೆ ಸಾಲಿ ಬಿಟ್ಟಾಕಿ. ಯಾರ ಮನ್ಯಾಗ ಏನ ಕುದಿಯಾಕತ್ತೈತಿ ಅಂತ ಹೊರಗ ನಿಂತು ಹೇಳ್ತೇನಿ. ಅದಕ್ಕ ಓಣ್ಯಾಗ ನನಗ ಚಾಡಿಖೋರಿ ಅಂತಾರ, ಅನ್ಲಿ. ಕೀಲಬ್ಯಾನಿ ಹತ್ತಿ ಬೆರಳು ಸೊಟ್ಟ ಆದ ಮ್ಯಾಲ ಕೈಲೆ ಆಗೋ ಕೆಲಸ ಎಲ್ಲಾ ಹೋದ್ವು, ಬಾಯಿ ಒಂದ ನೆಟ್ಟಗ ಉಳದೈತಿ. ಪೆನ್ನು ಹಿಡದ್ರ ಜೀವ ಹೋಗತೈತಿ, ಆದ್ರೂ ಬರಿಯಾಕತ್ತೇನಿ. ಬರೀದಿದ್ರ ಹೊಟ್ಟಿ ಉಬ್ಬತೈತಿ.

ಮನಿಯವರ ಹೊಡಿಯೋ ರೋಗ

ವಿಜಯಪುರದ ಒಂದು ದೊಡ್ಡ ದವಾಖಾನ್ಯಾಗ ಕೀಲಬ್ಯಾನಿಗೆ ಹೊಸಾ ಗುಳಗಿ ಬಂದೈತಿ, ಅದು ಹತ್ತತೈತೋ ಇಲ್ಲೋ ಅಂತ ಪರೀಕ್ಷಾ ಮಾಡ್ತಾರ ಅಂತ ಸುದ್ದಿ ಬಂತು. ಆ ಪರೀಕ್ಷಾಕ್ಕ ಹೆಸರ ಹಚ್ಚಿದ ನಾವು ನಾಕು ಮಂದಿ ಒಂದ ಬಾಕಿನ ಮ್ಯಾಲ ಕುಂತು ಕುಂತು ಗೆಳತ್ಯಾರಾದ್ವಿ. ನಾ ಒಬ್ಬಾಕಿ. ಟಿಕೋಟಾದ ಬಳಿಗಾರ್ತಿ ಒಬ್ಬಾಕಿ, ಆಕೀಗೆ ನಾವೆಲ್ಲಾ ಖಾಲಾ ಅಂತಿದ್ವಿ. ಊರ ಹೆಣ್ಣಮಕ್ಕಳ ಕೈಗೆ ಬಳಿ ಏರಿಸಿ ಏರಿಸಿ ಈಗ ತನ್ನ ಕೈನ ಮುದುಡಿಕೊಂಡಾಕಿ. ಬಬಲೇಶ್ವರದ ಅಕ್ಕೋರು ಒಬ್ರು, ಸಾಲಿ ಕಲಿಸಿ ರಿಟೈರ್ ಆದವ್ರು. ನಾಕನೇದಾಕಿ ಕನಮಡಿ ಸೊಸಿ. ಇನ್ನಾ ಹರೇದ ಹುಡುಗಿ, ಒಂದು ಸಣ್ಣ ಹೆಣ್ಣ ಕೂಸಿನ ತಾಯಿ.

ಡಾಕ್ಟರ ಅಂದ್ರ ಈಗಿನ್ನಾ ಮೀಸಿ ಮೂಡಿದಂಥಾ ಹುಡುಗ. ನಮ್ಮನ್ನ ಕುಂಡ್ರಿಸಿಕೊಂಡು ತಿಳಿಸಿ ಹೇಳಿದ. ನಮ್ಮ ಮೈಯಾಗ ರೋಗ ಬರದಂಗ ಕಾಯೋ ಶಕ್ತಿ ಒಂದು ಇರತೈತಂತ. ಈ ಕಾಯಿಲ್ಯಾಗ ಅದು ತಪ್ಪು ತಿಳದು, ಹೊರಗಿನ ವೈರೀನ ಬಿಟ್ಟು ನಮ್ಮ ಕೀಲಿಗೇ ಬಡೀತೈತಂತ. ಬಾವು ಬರೋದು, ಮುಂಜಾನೆದ್ದ ಕೂಡ್ಲೆ ಬೆರಳು ಬಿಗಿಯೋದು ಎಲ್ಲಾ ಅದಕ್ಕ ಅಂತ.

ಖಾಲಾ ಎಲ್ಲಾ ಕೇಳಿ ಗೋಣು ಹಾಕಿದ್ಳು. “ಅಂದ್ರ ಕಾಯಬೇಕಾದ ಮನಿಯವರೇ ಹೊಡಿಯಾಕತ್ತಾರ ಅನ್ರಿ ಸಾಹೇಬ್ರ. ಇದಕ್ಯಾಕ ಅಷ್ಟುದ್ದ ಇಂಗ್ಲಿಷ್ ಹೆಸರು? ನಮ್ಮ ಟಿಕೋಟಾದಾಗ ಮನಿಗೊಂದು ಐತಿ.”

ಎಲ್ಲಾರೂ ನಕ್ರು, ಡಾಕ್ಟರನೂ ನಕ್ಕ. ಕನಮಡಿ ಹುಡುಗಿ ಒಬ್ಬಾಕಿ ಸೆರಗ ಎಳಕೊಂಡು ತನ್ನ ಬೆರಳು ನೋಡಕೊಂತ ಕುಂತಿದ್ಳು. ನನ್ನ ಕಣ್ಣಿಗೆ ಅದು ತಪ್ಪೀತೇನು? ಬಗಲಿಗೆ ಸರದು ಎಲ್ಲಾ ಕೆದರಿ ತಗದೆ. ನಮ್ಮ ಕಡೆ ಎಳ್ಳಮಾಸಿ ಹಬ್ಬಕ್ಕ ಹೊಲಕ್ಕ ಹೋಗಿ ಭೂಮಿತಾಯಿಗೆ ಎಡಿ ಹಿಡದು ಚರಗಾ ಚೆಲ್ತಾರ, ಅವತ್ತ ಸಜ್ಜಿ ರೊಟ್ಟಿ ಗುಡ್ಡಿಗಟ್ಟಲೆ ಬಡೀಬೇಕು. ಆಕಿ ಅತ್ತಿ ಅಂದಿದ್ಳಂತ, ಈ ಎಳ್ಳಮಾಸಿಗೆ ರೊಟ್ಟಿ ಬಡದ್ರ ಈ ಮನ್ಯಾಗ ಇರು, ಇಲ್ಲಂದ್ರ ತವರಿಗೆ ನಡಿ, ಕೂಸು ಮಾತ್ರ ಇಲ್ಲೇ ಇರತೈತಿ ಅಂತ. ಬಸ್ಸು ಎಷ್ಟಕ್ಕ ಬಿಡತೈತಿ ಅಂತ ಹೇಳಿದಂಗ ಹೇಳಿದ್ಳು ಹುಡುಗಿ.

ಈ ಸುದ್ದಿ ಯಾರ ಮುಂದೂ ಆಡಬಾರದು ಅಂತ ಮನಸ್ಸು ಗಟ್ಟಿ ಮಾಡಿದೆ. ಸಂಜೀತನಾ ತಡದೆ.

ಬ್ಯಾನಿಯ ಚೌಕಾಶಿ

ಡಾಕ್ಟರನ ಕಡೆ ಹೋಗೋಕಿಂತ ಮೊದಲ ನರ್ಸಬಾಯಿ ಒಂದು ಗೆರಿ ಎಳದ ಹಾಳಿ ತೋರಸ್ತಿದ್ಳು. ಈ ತುದಿಗೆ ಸೊನ್ನಿ, ಬ್ಯಾನಿ ಇಲ್ಲ. ಆ ತುದಿಗೆ ಹತ್ತು, ತಡಿಯಲಾರದ ಬ್ಯಾನಿ. ನಿಮ್ಮದು ಎಲ್ಲೈತಿ ಹೇಳ್ರಿ ಅಂತ ಕೇಳಾಕಿ.

ಖಾಲಾ ಬಬಲೇಶ್ವರ ಸಂತ್ಯಾಗ ಬಳಿ ಮಾರಿದಾಕಿ. ಎಂಟು ಅಂದ್ಳು. ನರ್ಸಬಾಯಿ ಖರೇನ ಎಂಟೇನ್ರಿ ಅಂತ ಹುಬ್ಬು ಏರಿಸಿದ ಕೂಡ್ಲೆ, ಭಾಳ ಆತಂದ್ರ ಆರಕ್ಕ ಬರ್ಕೋರಿ ಅಂದ್ಳು. ನಾ ಹೇಳೂದಲ್ರಿ, ನೀವ ಹೇಳಬೇಕು ಅಂದ್ಳು ಆಕಿ. ಹೋಗ್ಲಿ, ಮುಂಜಾನೆ ಮೊದಲ ಗಿರಾಕಿ ನೀವು, ಐದಕ್ಕ ಕೊಟ್ಟೆ ಅಂದ್ಳು ಖಾಲಾ.

ಅಕ್ಕೋರದು ಇನ್ನೊಂದು ತರಾ. ಕಣ್ಣಾಗ ನೀರು ತುಂಬಿರತಿತ್ತು, ಬಾಯಾಗ ಏಳರ ಮ್ಯಾಲ ಬರತಿದ್ದಿಲ್ಲ. ಜೀವಮಾನದಾಗ ಯಾ ಹುಡುಗಗೂ ಹತ್ತಕ್ಕ ಹತ್ತು ಕೊಟ್ಟಿಲ್ಲ, ಈ ಬ್ಯಾನಿಗೆ ಯಾಕ ಕೊಡ್ಲಿ ಅಂತಿದ್ರು.

ಕನಮಡಿ ಹುಡುಗೀದು ಮಾತ್ರ ಯಾವಾಗ್ಲೂ ಎರಡ. ಕೈ ನೋಡಿದ್ರ ನೆನದ ಕಡ್ಲಿಯಂಗ ಉಬ್ಬಿರತಿದ್ವು, ಬಾಯಿ ಮಾತ್ರ ಎರಡ್ರಿ ಅಂತಿತ್ತು. ಯಾಕವ್ವಾ ಅಂತ ಕೇಳಿದೆ. ಮನ್ಯಾಗ ಏನಿಲ್ಲ ಏನಿಲ್ಲ ಅಂದು ಅಂದು ಅದ ರೂಢಿ ಆಗೇತಿ, ಇಲ್ಲಿ ಬಂದು ಎರಡು ಅನ್ನೋದ ನನಗ ದೊಡ್ಡದು ಅಂದ್ಳು.

ಖಾಲಾ ನರ್ಸಬಾಯಿ ಕೈ ಹಿಡದ್ಳು. “ಸಿಸ್ಟರ, ನನ್ನ ಐದರಾಗ ಮೂರು ತಗದು ಈಕೀಗೆ ಹಚ್ಚರಿ. ಗಿರಾಕಿ ನಾಚಾಕತ್ತೈತಿ.”

ಬೇವಿನ ಗಿಡದ ಬುಡಕ

ಗುಳಗಿ ಬಾಟ್ಲಿ ಕೊಡೋ ದಿನ ಡಾಕ್ಟರ ಮತ್ತ ಹೇಳಿದ. ಹಳೇ ಗುಳಗಿ ಎಲ್ಲಾರಿಗೂ ಐತಿ, ಅದನ್ನ ತಗೋತ ಇರ್ರಿ. ಹೊಸಾ ಬಾಟ್ಲಿ ಮಾತ್ರ, ಕೆಲವದರಾಗ ಖರೇ ಔಷಧ ಐತಿ, ಕೆಲವದರಾಗ ಬರೀ ಹಿಟ್ಟು. ನೋಡಾಕ ಎಲ್ಲಾ ಒಂದ. ಯಾರಿಗೆ ಯಾವದು ಬಂದೈತಿ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿದ್ರ ಮನಸ್ಸು ಒಂದ ಕಡೆ ವಾಲತೈತಿ, ಔಷಧದ ಖರೇ ಗುಣ ತಿಳಿಯೂದಿಲ್ಲ. ನಿಮ್ಮ ಬಾಟ್ಲಿ ನೀವ ತಗೋಬೇಕು, ಮತ್ತೊಬ್ರಿಗೆ ಕೊಡಬ್ಯಾಡ್ರಿ ಅಂತ ಕೈ ಮುಗದಂಗ ಹೇಳಿದ. ನಾವೂ ಗೋಣು ಹಾಕಿದ್ವಿ. ಈ ವಯಸ್ಸಿನತನಾ “ನನಗ ಗೊತ್ತಿಲ್ಲ” ಅಂದ ಡಾಕ್ಟರನ್ನ ಇವನೊಬ್ಬನ್ನ ನೋಡೇನಿ, ಅದಕ್ಕ ಅವನ ಮ್ಯಾಲ ಮರ್ಯಾದಿ ಹೆಚ್ಚಾತು.

ಆಮ್ಯಾಲ ದವಾಖಾನಿ ಹಿತ್ತಲದಾಗ ಬೇವಿನ ಗಿಡದ ಬುಡಕ ಉಣ್ಣಾಕ ಕುಂತ್ವಿ. ನಂದು ರೊಟ್ಟಿ, ಶೇಂಗಾ ಚಟ್ನಿ. ಖಾಲಾಂದು ಖಿಚಡಿ. ಅಕ್ಕೋರದು ಮೊಸರನ್ನ. ಹುಡುಗೀದು ನಿನ್ನಿನ ಚಪಾತಿ. ನಮ್ಮ ಕಡೆ ತನ್ನ ಬುತ್ತಿ ತಾನ ಮುಚ್ಚಿಕೊಂಡು ಉಣ್ಣೋ ಪದ್ಧತಿ ಇಲ್ಲ. ಎಲ್ಲಾ ನಡುವ ಸುರದ್ವಿ, ಎಲ್ಲಾರೂ ಎಲ್ಲಾದು ಉಂಡ್ವಿ.

ಕೈ ತೊಳಕೊಂಡ ಮ್ಯಾಲ ಅಕ್ಕೋರು, ಈಗ ಬಾಟ್ಲಿ ತಗೀರಿ ಅಂದ್ರು. ಸಾಲ್ಯಾಗ ಒಂದು ಕೂಸಿಗೆ ಕೊಟ್ಟು ಇನ್ನೊಂದು ಕೂಸು ಬಾಯಿ ನೋಡೋವಂಗ ನಾ ಎಂದೂ ಮಾಡಿಲ್ಲ, ಇಲ್ಲಿ ಒಬ್ಬಾಕಿ ಔಷಧ ತಿಂದು ಇನ್ನೊಬ್ಬಾಕಿ ಹಿಟ್ಟು ತಿನ್ನೋದು ಯಾ ನ್ಯಾಯ ಅಂದ್ರು. ಹುಡುಗಿ ಅನುಮಾನಿಸಿದ್ಳು, ಡಾಕ್ಟರು ಬ್ಯಾಡ ಅಂದಾರಲ್ರಿ ಅಂತ.

“ನಿನ್ನ ಬಾಟ್ಲ್ಯಾಗ ಬರೀ ಹಿಟ್ಟಿದ್ರ ಏನ ಮಾಡ್ತೀ ಬೇ?” ಅಂದ್ರು ಅಕ್ಕೋರು. “ನಿನಗ ಎಳ್ಳಮಾಸಿ ಐತಿ. ನಮಗೇನೈತಿ?”

ಖಾಲಾನ ಸೆರಗಿನ ಮ್ಯಾಲ ನಾಕೂ ಬಾಟ್ಲಿ ಸುರದು, ಕಾಳು ಕಲಸಿದಂಗ ಕಲಸಿ, ಒಬ್ಬೊಬ್ಬರಿಗೆ ಒಂದೊಂದು ಹಾಕಿ ಮತ್ತ ಬಾಟ್ಲಿ ತುಂಬಿದ್ರು ಅಕ್ಕೋರು. ಮುಂದ ಪ್ರತಿ ತಿಂಗಳೂ ಇದ ನಡೀತು. ಅವತ್ತ ಒಂದು ಗುಳಗಿ ಉಳ್ಳಿ ಕೆಳಗ ಬಿತ್ತು. ಹಿತ್ತಲದಾಗ ಕೆದರಾಕತ್ತಿದ್ದ ಒಂದು ಕೋಳಿ ಓಡಿ ಬಂದು ನುಂಗಿಬಿಡ್ತು.

ತಗೋರಿ, ಪರೀಕ್ಷಾಕ್ಕ ಐದನೇದಾಕಿ ಬಂದ್ಳು ಅಂದ್ಳು ಖಾಲಾ.

ಕೈ ಹಿಡದವ

ಕನಮಡ್ಯಾಗ ಗುಸುಗುಸು ಎದ್ದಿತು. ಹರೇದಾಕಿ ಒಬ್ಬಾಕಿನ ತಿಂಗಳಾ ಬಸ್ಸು ಹತ್ತಿ ವಿಜಯಪುರಕ್ಕ ಹೋಗ್ತಾಳ, ಅಲ್ಲಿ ಬಾಗಲಾ ಮುಚ್ಚಿದ ಖೋಲ್ಯಾಗ ಒಬ್ಬ ಹುಡುಗ ಆಕಿ ಕೈ ಹಿಡಕೊಂಡು ಕುಂಡ್ರತಾನ ಅಂತ. ಇದು ನಾ ಎಬ್ಬಿಸಿದ ಸುದ್ದಿ ಅಲ್ಲ. ಆದ್ರ ಎಬ್ಬಿಸಿದವ್ರಿಗೆ ಕೆಲಸ ಬರತೈತಿ ಅಂತ ಒಪ್ಪಿದೆ, ಯಾಕಂದ್ರ ಅದರಾಗ ಒಂದು ಮಾತೂ ಸುಳ್ಳಿದ್ದಿಲ್ಲ. ಯಾವ ಕೀಲು ಬಾತೈತಿ, ಯಾವದು ನೂಸತೈತಿ ಅಂತ ಡಾಕ್ಟರ ಪ್ರತಿ ಸಲಾನೂ ಒಂದೊಂದು ಬೆರಳು ಹಿಡದು ಒತ್ತಿ ನೋಡತಿದ್ದ.

ಒಂದಿನ ಹುಡುಗಿ ಗಂಡ ಅದ ಬಸ್ಸಿನಾಗ ಹಿಂದ ಕುಂತು ಬಂದ. ಧಡಲ್ಲಂತ ಬಾಗಲಾ ತಗದ. ಡಾಕ್ಟರ ಕೈ ಹಿಡಕೊಂಡು ಕುಂತಿದ್ದ ಖರೆ, ಆದ್ರ ಅದು ನನ್ನ ಕೈ. ಹುಡುಗಿ ಹಿಂದಿನ ಸ್ಟೂಲ ಮ್ಯಾಲ ಖಾಲಾನ ಜೋಡಿ ಕುಂತಿದ್ಳು.

ಅಂವ ನನ್ನ ಹಲ್ಲಿಲ್ಲದ ಬಾಯಿ ನೋಡಿದ, ಡಾಕ್ಟರನ್ನ ನೋಡಿದ. ಪಾಳಿ ಹಚ್ಚಪಾ, ನಂದು ಮುಗೀಲಿ ಅಂದೆ. ಮತ್ತ ಬಾಯಿ ನಿಲ್ಲಲಿಲ್ಲ. “ನಮ್ಮಾತ ಜೀವಂತ ಇದ್ದಾಗ ಎಲ್ಲಿ ನೂಸತೈತಿ ಅಂತ ನನ್ನ ಒಂದು ಬೆರಳೂ ಹಿಡದು ಕೇಳಿದವಲ್ಲ. ನೀ ಕೇಳೀಯೇನು?”

ಡಾಕ್ಟರಗ ಇದ್ಯಾವದೂ ತಿಳೀಲಿಲ್ಲ. ಹೊಸಾ ಪೇಶಂಟ್ ಬಂದಾನ ಅಂತ ತಿಳದು, ಅವನ ಕೈ ಹಿಡದು ಗೆಣ್ಣು ಒತ್ತಿ, ಎಲ್ಲಿ ನೂಸತೈತಿ ಅಂತ ಕೇಳಿದ. ಎಲ್ಲೂ ಇಲ್ರಿ ಅಂದ ಅಂವ.

“ಅದ ನೋಡ್ರಿ ಇವರ ರೋಗ,” ಅಂದ್ಳು ಖಾಲಾ.

ಯಾರ ಪಾಲು ಯಾರಿಗೆ

ಖಾಲಾ ಪ್ರತಿ ತಿಂಗಳೂ ಒಂದ ಬಳಿ ತಂದು ನಾಕೂ ಮಂದಿ ಕೈಗೆ ಏರಿಸಿ ನೋಡತಿದ್ಳು. ಮೊದಲ ಗೆಣ್ಣಿನ ಹಂತ್ಯಾಕನೂ ಬರತಿದ್ದಿಲ್ಲ. ಹೋಗ್ತ ಹೋಗ್ತ ಅರ್ಧಾ ಏರಾಕ ಹತ್ತಿತು, ಎಲ್ಲಾರಿಗೂ ಅಷ್ಟ. ಹುಡುಗಿ ಎರಡು ರೊಟ್ಟಿ ಬಡದ ಮ್ಯಾಲ ಕೈ ಬಿಗಿಯತಾವ ಅಂತಿದ್ಳು. ಮೊದಲ ಒಂದೂ ಆಗತಿದ್ದಿಲ್ಲ, ಅದಕ್ಕ ನಮಗೆಲ್ಲಾ ಹಬ್ಬ. ಎಳ್ಳಮಾಸಿ ಸನೇಕ ಬಂದಿತ್ತು.

ಡಾಕ್ಟರ ಮಾತ್ರ ರಕ್ತದ ರಿಪೋರ್ಟ್ ಹಿಡಕೊಂಡು ತಲಿ ಕೆರಕೊಂಡ. ನಾಕೂ ಮಂದಿಗೆ ಚೂರು ಚೂರ ಗುಣ, ಅದೂ ಸಮಾ ಸಮಾ, ಹಿಂಗ್ಯಾಕ ಅಂತ ಕೇಳಿದ. ಅಕ್ಕೋರು ಎದ್ದು ನಿಂತು, ಶಭಾಸ್ ಅಂತಾನ ಅಂತ ತಿಳದು, ಬೇವಿನ ಗಿಡದ ಸಂಗತಿ ಪೂರಾ ಹೇಳಿದ್ರು.

ಅಂವ ಪೆನ್ನು ಕೆಳಗಿಟ್ಟ. ಬೈದಿದ್ರ ಬರೋಬ್ಬರಿ ಇತ್ತು, ಬೈಲಿಲ್ಲ. ದೊಡ್ಡ ಡಾಕ್ಟರು ಬಂದ್ರು. ನಿಮ್ಮ ನಾಕೂ ಮಂದಿ ಲೆಕ್ಕ ಇನ್ನ ಪರೀಕ್ಷಾಕ್ಕ ಬರೂದಿಲ್ಲ, ನಿಮ್ಮನ್ನ ಕೈ ಬಿಡಬೇಕಾಗತೈತಿ, ಆದ್ರ ಹೊಟ್ಟ್ಯಾಗ ಏನ ಹೋಗೇತಿ ಅನ್ನೋದು ತಿಳೀಬೇಕು ಅಂತ ಮುಚ್ಚಿಟ್ಟ ಗುಟ್ಟು ತಗಿಸಿದ್ರು.

ನನ್ನ ಬಾಟ್ಲ್ಯಾಗ ಹಿಟ್ಟು. ಖಾಲಾಂದರಾಗ ಹಿಟ್ಟು. ಅಕ್ಕೋರದರಾಗೂ ಹಿಟ್ಟು. ಖರೇ ಔಷಧ ಬಂದಿದ್ದು ಕನಮಡಿ ಹುಡುಗಿ ಬಾಟ್ಲಿಗೆ ಒಂದಕ್ಕ. ಮೊದಲಿನಿಂದ ಅದು ಆಕೀದ ಇತ್ತು.

ಎರಡನೇತ್ತೆ ಕಲತಾಕೀಗೂ ಈ ಲೆಕ್ಕ ತಿಳೀತು. ಆಕೀಗೆ ಕೊಡಾಕತ್ತೇವಿ ಅಂತ ತಿಳದು ಆಕೀದ ತಿಂದಿದ್ವಿ. ಪೂರಾ ತಿಂದಿದ್ರ ಆಕಿ ಕೈ ನೆಟ್ಟಗಾಗತಿದ್ವೇನ್ರಿ ಅಂತ ಅಕ್ಕೋರು ಕೇಳಿದ್ರು. ಹೇಳಾಕ ಬರೂದಿಲ್ಲ, ಕೆಲವರಿಗೆ ಭಾಳ ಗುಣ ಆಗೇತಿ ಅಂದ ಡಾಕ್ಟರ. ಇನ್ನೊಂದು ಬಾಟ್ಲಿ ಕೊಡ್ರಿ ಅಂದ್ರ, ಅಂಗಡಿಗೆ ಇನ್ನಾ ಬಂದಿಲ್ಲ, ಪರೀಕ್ಷಾದ ಹೊರಗ ಕೊಡಾಕ ಕಾಯ್ದೆ ಇಲ್ಲ ಅಂದ. ಅಕ್ಕೋರು ಕಣ್ಣಿನ ಚಾಳೀಸ ತಗದು ಸೆರಗಿಲೆ ಒರಸಿದ್ರು, ಒರಸಕೊಂತನ ಇದ್ರು.

ಹುಡುಗಿ ನಮ್ಮನ್ನ ಒಬ್ಬೊಬ್ಬರನ್ನ ನೋಡಿದ್ಳು. “ನನ್ನ ಗುಳಗಿ ನೀವು ಮೂರೂ ಮಂದಿ ತಿಂದೀರಿ. ಎಳ್ಳಮಾಸಿಗೆ ಬಂದು ನನ್ನ ರೊಟ್ಟಿ ನೀವ ಬಡೀರಿ.” ನಗಚಾಟಿಕಿಗೆ ಅಂತ ಸುರು ಮಾಡಿದ್ಳು, ಮಾತು ಮುಗಿಯೂದ್ರಾಗ ಅಳಾಕ ಹತ್ತಿದ್ಳು.

ಖಾಲಾ ಆಕಿ ಕಣ್ಣು ಒರಸಿದ್ಳು. ಬರ್ತೇವಿ ಬೇ, ಆ ಕೋಳೀನೂ ಹಿಡಕೊಂಡ ಬರಬೇಕೇನು ಅಂದ್ಳು.

ಎಳ್ಳಮಾಸಿ

ಹುಡುಗಿ ತವರಿಗೆ ಹೋಗ್ಲಿಲ್ಲ, ಅದನ್ನ ಮೊದಲ ಹೇಳಿಬಿಡ್ತೇನಿ. ಆದ್ರ ಆಕಿ ಬೆರಳು ಈಗ ನನ್ನವಕ್ಕಿಂತ ಸೊಟ್ಟ ಆಗ್ಯಾವ.

ಅವತ್ತ ನಾವು ಮೂರೂ ಮಂದಿ ಜೀಪು ಹತ್ತಿ ಕನಮಡಿಗೆ ಹೋದ್ವಿ. ಅಂಗಳದಾಗ ಆಡೋ ಕೂಸಿನ ಮ್ಯಾಲ ಕಣ್ಣು ಬಿತ್ತು. ಹೆಣ್ಣ ಕೂಸು, ಕೂದಲಾ ಗಂಡಸರಂಗ ಕತ್ತರಿಸಿದ್ರು. ಹೇನು ಆಗಿದ್ವು ಅಂದ್ಳು ಅತ್ತಿ, ನಾ ಕೇಳೋಕಿಂತ ಮೊದಲ. ಕೇಳೋಕಿಂತ ಮೊದಲ ಹೇಳಿದ್ದನ್ನ ನಾ ಎಂದೂ ನಂಬಿಲ್ಲ.

ಒಲಿ ಮುಂದ ಕುಂತ್ವಿ. ನಾ ಕುದಿಯೋ ನೀರು ಸುರದು ಹಿಟ್ಟು ತಿರುವಿದೆ. ಅಕ್ಕೋರು ಬೆರಳು ಮಡಚಲಾರದ್ದಕ್ಕ ಮೊಣಕೈಲೆ ನಾದಿದ್ರು. ಹುಡುಗಿ ಅಂಗೈಲೆ ಬಡದ್ಳು. ಆಕಿ ಕೈ ಸೋತಾಗ ನಾನೋ ಅಕ್ಕೋರೋ ಬಡದ್ವಿ. ಖಾಲಾ ಹಂಚಿನ ಮ್ಯಾಲ ತಿರುವಿ ಹಾಕಿದ್ಳು. ಒಂದು ರೊಟ್ಟಿನೂ ದುಂಡಗ ಆಗ್ಲಿಲ್ಲ. ಕನಮಡಿ ಗಡಿ ಊರು ನೋಡ್ರಿ, ಪ್ರತಿ ರೊಟ್ಟಿದೂ ಒಂದು ಮೂಲಿ ಮಹಾರಾಷ್ಟ್ರಕ್ಕ ಹೋಗಿತ್ತು.

ಅತ್ತಿ ಹೊರಸಿನ ಮ್ಯಾಲ ಕುಂತು ನಮ್ಮ ಕೈಗಳನ್ನ ನೋಡಕೊಂತನ ಇದ್ಳು. ಬೈತಾಳ ಅಂತ ಕಾದೆ, ಬೈಲಿಲ್ಲ. ಚಾ ಕೊಟ್ವಿ. ಕಪ್ಪಿನ ಕಿವಿ ಹಿಡೀಲಿಲ್ಲ ಆಕಿ. ಎರಡೂ ಅಂಗೈ ನಡುವ ಕಪ್ಪು ಒತ್ತಿ ಹಿಡದು, ತೀರ್ಥ ಕುಡದಂಗ ಕುಡದ್ಳು. ನಾ ಕಪ್ಪು ನೋಡಿದೆ, ಕೂಸಿನ ತಲಿ ನೋಡಿದೆ. ಆ ಮನ್ಯಾಗ ತಲಿ ಬಾಚಿ ಹೆಳಲಾ ಹಾಕೋ ಕೈ ಒಂದೂ ಉಳದಿದ್ದಿಲ್ಲ.

ಖಾಲಾನೂ ನೋಡಿದ್ಳು. ನಮಗೆಲ್ಲಾ ಏರಿಸಿ ನೋಡತಿದ್ದ ಅದ ಬಳಿ ತಗದು, ಹಬ್ಬದ ದಿನ ಒಂದು ಹೊಸಾ ಬಳಿ ಏರಿಸ್ತೇನಿ, ಕೈ ಕೊಡ್ರಿ ಅಕ್ಕಾ ಅಂದ್ಳು. ಅತ್ತಿ ಕೈ ಸೆರಗಿನೊಳಗ ಎಳಕೊಂಡ್ಳು. ಅದ ರೋಗನೋ, ವಯಸ್ಸಿಗೆ ಸವದ ಕೀಲೋ, ಅದನ್ನ ಡಾಕ್ಟರ ಹೇಳಬೇಕು. ಎಷ್ಟು ದಿನದಿಂದ ಮುಚ್ಚಿಟ್ಟಿದ್ಳೋ, ಅದನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ನಂಬ್ರಿ ಬಿಡ್ರಿ.

ಕಡೀಕ ಅತ್ತಿ, ಹೊರಗ ಕುಂತ ಮಗಗ ಕೇಳಬಾರದು ಅಂತ ದನಿ ಇಳಿಸಿ, ಸೊಸೀಗೆ ಕೇಳಿದ್ಳು.

“ಆ ನಿನ್ನ ಗುಳಗ್ಯಾಗ ಒಂದಾದ್ರೂ ಉಳದೈತೇನ ಬೇ?”

ಹುಡುಗಿ ಹಿಟ್ಟಿನ ಕೈ ಹಂಗ ಹಿಡಕೊಂಡು ನಮ್ಮನ್ನ ನೋಡಿದ್ಳು, ಅತ್ತೀನ ನೋಡಿದ್ಳು.

“ಇಲ್ರಿ ಅತ್ತಿ. ಮನಿಯವರನ್ನಷ್ಟ ಬಿಟ್ಟು ಎಲ್ಲಾರಿಗೂ ಹಂಚೇನಿ. ಕೋಳಿಗೂ ಒಂದು ಸಿಕ್ಕೈತಿ.”